ಜ್ಯೂರಿ ದಿನ ಅಂಕ ಬೇಡ

ಎಲ್ಲರಿಗೂ ನಮಸ್ಕಾರ. ಸಂಘಟಕರು ನನಗೆ ಕೊಟ್ಟ ವಿಷಯ 'ವಾಸ್ತುಶಿಲ್ಪ ಶಿಕ್ಷಣದಲ್ಲಿ ಮೌಲ್ಯಮಾಪನ: ಸವಾಲುಗಳು ಮತ್ತು ಸಾಧ್ಯತೆಗಳು'. ಇಂಥ ತಲೆಬರಹದ ಕೆಳಗೆ ಏನು ಬೇಕಾದರೂ ಮಾತಾಡಬಹುದು. ಏನೂ ಹೇಳದೆ ವೇದಿಕೆ ಇಳಿದು ಹೋಗಲೂಬಹುದು. ನಾನು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ಜ್ಯೂರಿ ನಡೆಯುವ ದಿನ ಅಂಕ ಕೊಡಬೇಡಿ. ಇಷ್ಟೇ. ಉಳಿದ ಸಮಯವೆಲ್ಲ ಇದಕ್ಕೆ ಕಾರಣ ಹೇಳುವುದಕ್ಕೆ.

ವಿದ್ಯಾರ್ಥಿ ತನ್ನ ವಿನ್ಯಾಸದ ಶೀಟುಗಳನ್ನು ಗೋಡೆಗೆ ಹಾಕಿ ವಿವರಿಸುವುದು, ಎದುರು ಕೂತವರು ಪ್ರಶ್ನೆ ಕೇಳಿ ವಿಮರ್ಶೆ ಮಾಡುವುದು, ಇದೇ ಜ್ಯೂರಿ ಎಂದು ಈ ಸಭೆಯಲ್ಲಿ ಇರುವವರಿಗೆ ವಿವರಿಸಬೇಕಿಲ್ಲ. ಅರ್ಧದಷ್ಟು ಜನ ಅದರ ಮುಂದೆ ನಿಂತವರು, ಇನ್ನರ್ಧ ಜನ ಅದರಲ್ಲಿ ಕೂತವರು. ಕೂತವರಲ್ಲಿ ಕೆಲವು ಪಾತ್ರಗಳು ಎಲ್ಲ ಕಾಲೇಜಿನಲ್ಲೂ ಇರುತ್ತವೆ. ಒಬ್ಬರು ಯಾವ ಪ್ರಾಜೆಕ್ಟ್ ಬಂದರೂ 'ಉತ್ತರ ದಿಕ್ಕು ಯಾವ ಕಡೆ?' ಎಂದು ಕೇಳುತ್ತಾರೆ. ಇನ್ನೊಬ್ಬರು ನೇರವಾಗಿ ಶೌಚಾಲಯ ಹುಡುಕಲು ಹೋಗುತ್ತಾರೆ. ಮೂರನೆಯವರು ವಿದ್ಯಾರ್ಥಿಯ ಪ್ಲಾನ್ ನೋಡುತ್ತಲೇ ತಾವು ಕಟ್ಟಿದ ಕಟ್ಟಡದ ನೆನಪಿಗೆ ಜಾರುತ್ತಾರೆ, ಹತ್ತು ನಿಮಿಷ ವಾಪಸ್ ಬರುವುದಿಲ್ಲ. ನಗಬೇಡಿ, ನಾಲ್ಕನೆಯವರು ನೀವೇ ಇರಬಹುದು.

ಇರಲಿ. ಈ ಜ್ಯೂರಿ ಎಲ್ಲಿಂದ ಬಂತು? 19ನೇ ಶತಮಾನದ ಪ್ಯಾರಿಸ್‌ನ ಎಕೋಲ್ ದೆ ಬೋಜಾರ್ ಎಂಬ ಕಲಾಶಾಲೆಯಿಂದ ಎಂದು ನಿಮಗೆಲ್ಲ ಗೊತ್ತು. ಆದರೆ ಅಲ್ಲಿನ ವ್ಯವಸ್ಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ವಿಷಯ ಇದೆ. ಅಲ್ಲಿ ವಿದ್ಯಾರ್ಥಿ ಒಂದು ಅಟೆಲಿಯೇಗೆ, ಅಂದರೆ ಒಬ್ಬ ಗುರುವಿನ ಕಾರ್ಯಶಾಲೆಗೆ, ಸೇರುತ್ತಿದ್ದ. ಅಲ್ಲೊಬ್ಬ ಗುರು. ಆತ ಬಂದು ಬೋರ್ಡ್ ಬೋರ್ಡಿಗೂ ನಿಂತು, ಗೆರೆ ತಿದ್ದಿ, ಬೈದು, ಹೊಗಳಿ ಹೋಗುತ್ತಿದ್ದ. ಅದು ವಿಮರ್ಶೆ. ಅಂಕ ಬೇರೆ ಕಡೆ ಸಿಗುತ್ತಿತ್ತು. ಪ್ರತಿ ಪ್ರಾಜೆಕ್ಟೂ ಒಂದು ಸ್ಪರ್ಧೆ. ಮೊದಲು ವಿದ್ಯಾರ್ಥಿಯನ್ನು ಒಂದು ಸಣ್ಣ ಗೂಡಿನಂಥ ಜಾಗದಲ್ಲಿ ಕೂರಿಸಿ, ಯಾರ ನೆರವೂ ಇಲ್ಲದೆ ಮೂಲ ಕಲ್ಪನೆಯ ಸ್ಕೆಚ್ ಬರೆಸುತ್ತಿದ್ದರು. ಆಮೇಲೆ ವಾರಗಟ್ಟಲೆ ಬೆಳೆಸಿದ ಕೊನೆಯ ಶೀಟುಗಳು ಆ ಸ್ಕೆಚ್ಚಿನಿಂದ ತೀರಾ ದೂರ ಹೋಗಿದ್ದರೆ ಆತ ಸ್ಪರ್ಧೆಯಿಂದಲೇ ಹೊರಗೆ. ಶೀಟುಗಳನ್ನು ಗೋಡೆಗೆ ಹಾಕಿ, ಬಾಗಿಲು ಮುಚ್ಚಿ, ತೀರ್ಪುಗಾರರು ಒಳಗೆ ನಿರ್ಧರಿಸುತ್ತಿದ್ದರು. ವಿದ್ಯಾರ್ಥಿಗೆ ಅಲ್ಲಿ ಪ್ರವೇಶವೇ ಇಲ್ಲ. ಬಾಯಿ ಚೆನ್ನಾಗಿದೆಯಾ, ಬಟ್ಟೆ ಚೆನ್ನಾಗಿದೆಯಾ, ನಿನ್ನೆ ರಾತ್ರಿ ನಿದ್ದೆ ಮಾಡಿದ್ದಾನಾ, ಯಾವುದೂ ಲೆಕ್ಕಕ್ಕಿಲ್ಲ.

ಅಂದರೆ ವಿಮರ್ಶೆ ಒಂದು ಕೋಣೆಯಲ್ಲಿ, ತೀರ್ಪು ಇನ್ನೊಂದು ಕೋಣೆಯಲ್ಲಿ. 20ನೇ ಶತಮಾನದಲ್ಲಿ ನಾವು ಬಾಗಿಲು ತೆರೆದೆವು. ವಿದ್ಯಾರ್ಥಿಯನ್ನು ಒಳಗೆ ಕರೆದೆವು, ಮಾತಾಡಲು ಬಿಟ್ಟೆವು. ಒಳ್ಳೆಯದೇ ಆಯಿತು. ಆದರೆ ಹಾಗೆ ಮಾಡುವಾಗ ಎರಡು ಕೋಣೆಗಳ ಕೆಲಸವನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಿಬಿಟ್ಟೆವು. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಹಾಗಂತ ಮುಚ್ಚಿದ ಬಾಗಿಲು ಬಲು ನ್ಯಾಯವಾಗಿತ್ತು ಅಂದುಕೊಳ್ಳಬೇಡಿ. ಅಮೆರಿಕದ ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್ ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಇದನ್ನು ಎಷ್ಟು ಸಲ ಕೇಳಿದ್ದಾರೋ, ಈಗ ಹಿಂದಿನ ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮಾರ್ಗನ್ ಕ್ಯಾಲಿಫೋರ್ನಿಯಾದ ಹುಡುಗಿ. 1872ರಲ್ಲಿ ಹುಟ್ಟಿದರು. ಬರ್ಕ್ಲಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1894ರಲ್ಲಿ ಪದವಿ ಪಡೆದರು. ವಾಸ್ತುಶಿಲ್ಪ ಕಲಿಯಬೇಕೆಂದು 1896ರಲ್ಲಿ ಪ್ಯಾರಿಸ್‌ಗೆ ಹೋದರು. ಎಕೋಲ್‌ನ ವಾಸ್ತುಶಿಲ್ಪ ವಿಭಾಗಕ್ಕೆ ಆವರೆಗೆ ಒಬ್ಬ ಹೆಂಗಸೂ ಸೇರಿರಲಿಲ್ಲ. ಪ್ರವೇಶ ಪರೀಕ್ಷೆಗೆ ಕೂರುವ ಅವಕಾಶವೇ ಆಗಷ್ಟೇ ಸಿಕ್ಕಿತ್ತು. ಕೂತರು. 42ನೇ ಸ್ಥಾನ ಬಂತು. ಸೀಟು ಸಿಗುತ್ತಿದ್ದದ್ದು ಮೊದಲ 30 ಜನಕ್ಕೆ. ಹೋಗಲಿ, ವಿದೇಶಿ ಭಾಷೆ, ಹೊಸ ಪದ್ಧತಿ, ಒಪ್ಪೋಣ. ಎರಡನೇ ಸಲ ಕೂತರು. ಈ ಸಲ ಪರೀಕ್ಷಕರು ಬೇಕೆಂದೇ ಅವರ ಅಂಕ ಇಳಿಸಿದರು. ಹುಡುಗಿಯರಿಗೆ ಪ್ರೋತ್ಸಾಹ ಕೊಡುವುದು ಅವರಿಗೆ ಇಷ್ಟವಿರಲಿಲ್ಲ ಎಂದು ಮಾರ್ಗನ್ ಆಮೇಲೆ ಪತ್ರದಲ್ಲಿ ಬರೆದುಕೊಂಡಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ ಕೈ, ಅದೇ ತಲೆ, ಅದೇ ಶೀಟು. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಯಿತು ಅಂತ ಕೇಳುವಂತಿಲ್ಲ. ಕಾರಣ ಬರೆದು ಕೊಡಬೇಕು ಅನ್ನುವ ನಿಯಮ ಇರಲಿಲ್ಲ. ಸಂಖ್ಯೆ ಬಂತು, ಮುಗಿಯಿತು. ಆಕೆ 1898ರಲ್ಲಿ ಮೂರನೇ ಸಲ ಕೂತರು. 13ನೇ ಸ್ಥಾನ. ಈ ಸಲ ಎಷ್ಟು ಇಳಿಸಿದರೂ 30ರ ಹೊರಗೆ ತಳ್ಳಲು ಆಗಲಿಲ್ಲವೇನೋ, ಇದು ನನ್ನ ಊಹೆ! ಒಳಗೆ ಹೋದರೂ ಇನ್ನೊಂದು ಗಡುವು ಕಾಯುತ್ತಿತ್ತು. ಎಕೋಲ್‌ನಲ್ಲಿ 30 ವರ್ಷ ತುಂಬಿದರೆ ಹೊರಗೆ. ಸೆಮಿಸ್ಟರ್ ಲೆಕ್ಕ ಇಲ್ಲ, ಸ್ಪರ್ಧೆಗಳಲ್ಲಿ ಬೇಕಾದಷ್ಟು ಅಂಕ ಕೂಡಿಸಿಕೊಂಡರೆ ಪಾಸು, ಅಷ್ಟರೊಳಗೆ ವಯಸ್ಸಾದರೆ ಮನೆಗೆ. ಆಕೆ ಆ ಹೊಸ್ತಿಲಲ್ಲೇ ಮುಗಿಸಿ, 1902ರಲ್ಲಿ ಪ್ರಮಾಣಪತ್ರ ಪಡೆದರು. ಆಮೇಲೆ ಸುಮಾರು 700 ಕಟ್ಟಡ ಕಟ್ಟಿದರು. ಸ್ಯಾನ್ ಸಿಮಿಯನ್‌ನ ಹರ್ಸ್ಟ್ ಕ್ಯಾಸಲ್ ಎಂಬ ಅರಮನೆಯಂಥ ಮನೆ ಅವರದ್ದೇ ವಿನ್ಯಾಸ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಅವರಿಗೆ ಚಿನ್ನದ ಪದಕ ಕೊಟ್ಟದ್ದು 2014ರಲ್ಲಿ. ಆಕೆ ತೀರಿಕೊಂಡದ್ದು 1957ರಲ್ಲಿ. ಮರುಮೌಲ್ಯಮಾಪನದ ಫಲಿತಾಂಶ ತಡವಾಗುತ್ತದೆ ಎಂದು ನಮ್ಮ ವಿದ್ಯಾರ್ಥಿಗಳು ದೂರುತ್ತಾರಲ್ಲ, ಇದನ್ನು ನೋಡಿ ಸಮಾಧಾನ ಮಾಡಿಕೊಳ್ಳಬಹುದು.

ಈ ಕಥೆ ನನಗೆ ಎರಡು ಕಡೆಯಿಂದ ಬೇಕು. ಬಾಗಿಲು ತೆರೆದದ್ದು ಸರಿ ಎಂದು ಹೇಳುವುದಕ್ಕೆ. ಕಾರಣ ಬರೆದು ಕೊಡದ ಅಂಕ ಅಪಾಯ ಎಂದು ಹೇಳುವುದಕ್ಕೆ. ತೆರೆದ ಜ್ಯೂರಿಯಲ್ಲಾದರೂ ಕಾರಣ ಬರೆಯುತ್ತೇವಾ? ಎಷ್ಟೋ ಕಡೆ ಇವತ್ತಿಗೂ ಶೀಟಿನ ಹಿಂದೆ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ ಬರೆದು ಮುಂದೆ ಹೋಗುತ್ತೇವೆ. ಮಾತಾಡಿದ್ದು ಗಾಳಿಗೆ ಹೋಯಿತು. ಉಳಿದದ್ದು ಪೆನ್ಸಿಲ್.

ಈಗ ಒಂದೇ ಮಧ್ಯಾಹ್ನದ ತೊಂದರೆಗೆ ಬರೋಣ. ಅಂಕ ನಮ್ಮ ಕೈಯಲ್ಲಿ ಎಷ್ಟು ಅಲುಗಾಡುತ್ತದೆ ಎನ್ನುವುದಕ್ಕೆ ನೂರು ವರ್ಷ ಹಳೆಯ ಸಾಕ್ಷಿ ಇದೆ. 1913ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರ ಹತ್ತಿರ ತಿದ್ದಿಸಿದರು. ಅಂಕ 28ರಿಂದ 92ರವರೆಗೆ ಬಂತು. ರೇಖಾಗಣಿತ ಸ್ವಾಮಿ! ತ್ರಿಭುಜಕ್ಕೇ ಹೀಗಾದರೆ, ಗ್ರಂಥಾಲಯದ ಒಳಗಿನ ಬೆಳಕಿಗೆ ಎಷ್ಟು ಅಂಕ ಅಂತ ನಾವು ಹೇಗೆ ಹೇಳುತ್ತೇವೆ? ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. ವಿದ್ಯಾರ್ಥಿಯ ಕಟ್ಟಡ ಇನ್ನೂ ಕಟ್ಟಿಯೇ ಇಲ್ಲ. ಸೋರುತ್ತದಾ, ಒಳಗೆ ಉಸಿರು ಕಟ್ಟುತ್ತದಾ, ಜನ ದಾರಿ ತಪ್ಪುತ್ತಾರಾ, ಪರೀಕ್ಷೆ ಮಾಡಿ ನೋಡಲು ಆಗುವುದಿಲ್ಲ. ನಮ್ಮ ಮುಂದೆ ಇರುವುದು ಪ್ಲಾನ್, ಸೆಕ್ಷನ್, ಮಾಡೆಲ್, ಮತ್ತು ನಡುಗುವ ಒಂದು ದನಿ. ಇವುಗಳಿಂದ ಇಲ್ಲದ ಕಟ್ಟಡವನ್ನು ಊಹಿಸಿ ಅಂಕ ಕೊಡಬೇಕು.

ಊಹಿಸುವಾಗ ದಾರಿ ತಪ್ಪಿಸುವ ವಿಷಯಗಳು ಬಹಳ. 1920ರಲ್ಲಿ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಒಂದು ವಿಷಯ ತೋರಿಸಿದರು. ಸೈನ್ಯದಲ್ಲಿ ಮೇಲಧಿಕಾರಿಗಳು ಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಜಾಸ್ತಿ ಕೊಟ್ಟವರು ಎಲ್ಲದರಲ್ಲೂ ಜಾಸ್ತಿ ಕೊಟ್ಟಿದ್ದರು. ನಮ್ಮ ಜ್ಯೂರಿಯಲ್ಲಿ ಆ ಮೈಕಟ್ಟಿನ ಜಾಗದಲ್ಲಿ ರೆಂಡರಿಂಗ್, ಅಂದರೆ ಕಟ್ಟಡ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂದು ತೋರಿಸುವ ಚಿತ್ರ, ಕೂತಿದೆ. ಸಂಜೆಯ ಬಂಗಾರದ ಬೆಳಕು, ಗಾಜಿನ ಮೇಲೆ ಮೋಡ, ಮೂಲೆಯಲ್ಲಿ ಬಲೂನು ಹಿಡಿದ ಮಗು. ಆ ಮಗು ಎಲ್ಲ ದೇಶದ ಎಲ್ಲ ಪ್ರಾಜೆಕ್ಟಿನಲ್ಲೂ ಇರುತ್ತದೆ, ಅದಕ್ಕೆ ಶಾಲೆಗೀಲೆ ಇಲ್ವಾ? ಆ ಚಿತ್ರ ನೋಡಿದ ಕಣ್ಣಿಗೆ ಮೆಟ್ಟಿಲಿನ ಲೆಕ್ಕ ತಪ್ಪಿದ್ದು ಕಾಣುವುದಿಲ್ಲ. ಇನ್ನು ಸರದಿಯ ವಿಷಯ. ಬೆಳಗ್ಗೆ ಮೊದಲು ಬಂದವನಿಗೆ ಪೂರ್ತಿ ಗಮನ. ಸಂಜೆ ಕೊನೆಗೆ ನಿಂತವಳಿಗೆ ಆಕಳಿಕೆ. ತುಂಬಾ ಒಳ್ಳೆಯ ಪ್ರಾಜೆಕ್ಟಿನ ಹಿಂದೆಯೇ ಬಂದ ಸಾಧಾರಣ ಪ್ರಾಜೆಕ್ಟ್ ಕಳಪೆಯಾಗಿ ಕಾಣುತ್ತದೆ. ಅದೇ ಪ್ರಾಜೆಕ್ಟ್ ಕಳಪೆಯದರ ಹಿಂದೆ ಬಂದಿದ್ದರೆ ಬಚಾವ್.

ಜ್ಯೂರಿ ದಿನ ಅಂಕ ಬೇಡ ಎನ್ನುವುದಕ್ಕೆ ಇಷ್ಟೇ ಸಾಕಿತ್ತು. ಆದರೆ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ. ಅಂಕ ಇದ್ದಾಗ ವಿದ್ಯಾರ್ಥಿಗೆ ಮಾತು ಕೇಳಿಸುವುದಿಲ್ಲ.

ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದು ಶಾಲೆಯ ಮಕ್ಕಳ ಮೇಲೆ ಮಾಡಿದ್ದು, ವಾಸ್ತುಶಿಲ್ಪಕ್ಕೆ ಸಂಬಂಧ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗುಂಪಿಗೆ ಬರೀ ಅಂಕ. ಇನ್ನೊಂದಕ್ಕೆ ಬರೀ ಬರಹದ ಟಿಪ್ಪಣಿ. ಮೂರನೆಯದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಆಸಕ್ತಿಯೂ ಉಳಿಯಿತು. ಎರಡೂ ಪಡೆದವರಿಗೆ ಹೆಚ್ಚು ಲಾಭ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ಅವರು ಬರೀ ಅಂಕ ಪಡೆದವರ ಹಾಗೆಯೇ ಇದ್ದರು. ಪಕ್ಕದಲ್ಲಿ ಸಂಖ್ಯೆ ಕೂತಿದ್ದಕ್ಕೆ ಟಿಪ್ಪಣಿ ಸತ್ತುಹೋಯಿತು.

ಇದನ್ನು ಸ್ಟುಡಿಯೋಗೆ, ಅಂದರೆ ನಮ್ಮ ವಿನ್ಯಾಸದ ತರಗತಿಗೆ, ತಂದು ನೋಡಿ. ಇವತ್ತೇ ಅಂಕ ಬೀಳುತ್ತದೆ ಎಂದು ಗೊತ್ತಿರುವ ವಿದ್ಯಾರ್ಥಿ ಪ್ರಶ್ನೆ ಬಂದ ಕೂಡಲೇ ವಕೀಲನಾಗುತ್ತಾನೆ. 'ಈ ಗೋಡೆ ಯಾಕೆ?' ಎಂದರೆ ಗೋಡೆಯ ಬಗ್ಗೆ ಯೋಚಿಸುವುದಿಲ್ಲ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಯೋಚಿಸುತ್ತಾನೆ. ನಾವೂ ಹಾಗೆಯೇ. ಅಂಕಪಟ್ಟಿ ತೊಡೆಯ ಮೇಲೆ ಇದ್ದರೆ ತಪ್ಪು ಹುಡುಕುತ್ತೇವೆ, ಯಾಕೆಂದರೆ ಕಳೆಯುವುದಕ್ಕೆ ನೆಪ ಬೇಕು. ಪಟ್ಟಿ ಇಲ್ಲದಿದ್ದರೆ ಪೆನ್ಸಿಲ್ ಹಿಡಿದು 'ಇದನ್ನು ಹೀಗೆ ತಿರುಗಿಸಿದರೆ?' ಎಂದು ಶೀಟಿನ ಹತ್ತಿರ ಎದ್ದು ಹೋಗುತ್ತೇವೆ. ಎರಡು ನಮೂನೆಯ ಜ್ಯೂರಿಯಲ್ಲೂ ಕೂತು ಈ ಬದಲಾವಣೆ ಕಂಡಿದ್ದೇನೆ. ಅದೇ ಜನ, ಅದೇ ಪ್ರಾಜೆಕ್ಟುಗಳು, ಮಾತು ಮಾತ್ರ ಬೇರೆ.

ಹಾಗಾದರೆ ಅಂಕ ಯಾವಾಗ ಎಂದು ಕೇಳುತ್ತೀರಿ. ಜ್ಯೂರಿ ಮುಗಿದು, ವಿದ್ಯಾರ್ಥಿ ತಿದ್ದಿಕೊಂಡು, ಪೋರ್ಟ್‌ಫೋಲಿಯೊ ಕಟ್ಟಿ ಒಪ್ಪಿಸಿದ ಮೇಲೆ. ಅದರಲ್ಲಿ ಮೊದಲ ಸೈಟ್ ಸ್ಟಡಿಯಿಂದ ಹಿಡಿದು, ಬಿಸಾಡಿದ ಮಾಡೆಲ್‌ಗಳ ಫೋಟೋ, ಅರ್ಧಕ್ಕೆ ಬಿಟ್ಟ ಸ್ಕೆಚ್, ಎಲ್ಲ ಇರಬೇಕು. ಇಬ್ಬರು ಬೇರೆ ಬೇರೆಯಾಗಿ ನೋಡಿ, ಬೇರೆ ಬೇರೆಯಾಗಿ ಅಂಕ ಬರೆದು, ಆಮೇಲೆ ಕೂತು ವ್ಯತ್ಯಾಸ ಯಾಕೆ ಬಂತು ಎಂದು ಮಾತಾಡಬೇಕು. ಕಾರಣ ಬರೆಯಬೇಕು, ನಾಲ್ಕೇ ಸಾಲಾದರೂ ಸರಿ. ಸಾಫ್ಟ್‌ವೇರ್ ಒಂದು ಸಾಲು ಬರೆದರೆ ಚಿತ್ರ ಬಿಡಿಸಿ ಕೊಡುವ ಈ ಕಾಲದಲ್ಲಿ ಕೊನೆಯ ಚಿತ್ರಕ್ಕೆ ಅಂಕ ಕೊಡುವುದರಲ್ಲಿ ಏನೂ ಅರ್ಥ ಇಲ್ಲ. ಯೋಚನೆ ಎಲ್ಲಿ ತಿರುಗಿತು ಎನ್ನುವುದಕ್ಕೆ ಕೊಡಿ. ಎಕೋಲ್‌ನವರು ಮೊದಲ ಸ್ಕೆಚ್ ಎತ್ತಿಟ್ಟುಕೊಂಡು ಕೊನೆಯ ಶೀಟಿನ ಜೊತೆ ಇಟ್ಟು ನೋಡುತ್ತಿದ್ದರಲ್ಲ, ಅವರ ಉದ್ದೇಶ ಬೇರೆ ಇತ್ತು. ಆದರೆ ಆ ಅಭ್ಯಾಸ ನಮಗೆ ಈಗ ಉಪಯೋಗಕ್ಕೆ ಬರುತ್ತದೆ.

ರೂಬ್ರಿಕ್ ಬಗ್ಗೆ ಕೇಳೇ ಕೇಳುತ್ತೀರಿ. ಕಾನ್ಸೆಪ್ಟ್ 20, ಪ್ಲಾನಿಂಗ್ 20, ಸ್ಟ್ರಕ್ಚರ್ 20, ಹೀಗೆ ಮನೆ ಹಾಕಿದ ಪಟ್ಟಿ. ನಾನು ಅದರ ವಿರೋಧಿ ಅಲ್ಲ. ಏನನ್ನು ನೋಡುತ್ತೇವೆ ಎಂದು ವಿದ್ಯಾರ್ಥಿಗೆ ಮೊದಲೇ ಗೊತ್ತಾಗುತ್ತದೆ, ಮಾರ್ಗನ್‌ಗೆ ಆದಂಥ ಅನ್ಯಾಯ ಮಾಡುವುದು ಸ್ವಲ್ಪ ಕಷ್ಟವಾಗುತ್ತದೆ. ಆದರೆ ಎಲ್ಲ ಮನೆಯಲ್ಲೂ 16 ಬಂದು, ಕಟ್ಟಡದಲ್ಲಿ ಮಾತ್ರ ಜೀವವೇ ಇಲ್ಲದ ಪ್ರಾಜೆಕ್ಟ್ ನೀವೂ ನೋಡಿದ್ದೀರಿ. ಆಗ ಏನು ಮಾಡುತ್ತೇವೆ? ಮೊದಲು ಮನಸ್ಸಿನಲ್ಲೇ 62 ಎಂದು ತೀರ್ಮಾನಿಸಿ, ಆಮೇಲೆ ಮನೆಗಳನ್ನು ತುಂಬಿಸಿ ಅಷ್ಟಕ್ಕೆ ತರುತ್ತೇವೆ. ಸಭೆಯಲ್ಲಿ ಯಾರೂ ಕೈ ಎತ್ತಬೇಕಾಗಿಲ್ಲ. ಇದಕ್ಕಿಂತ ಎರಡೆರಡು ಪ್ರಾಜೆಕ್ಟುಗಳನ್ನು ಪಕ್ಕಪಕ್ಕ ಇಟ್ಟು 'ಯಾವುದು ಮೇಲು?' ಎಂದು ಹಲವರ ಹತ್ತಿರ ಕೇಳಿ, ಆ ಉತ್ತರಗಳಿಂದ ಸಾಲು ಕಟ್ಟುವುದು ಪ್ರಾಮಾಣಿಕ ದಾರಿ. 1927ರಲ್ಲಿ ಮನಶ್ಶಾಸ್ತ್ರಜ್ಞ ಥರ್ಸ್ಟನ್ ಇದರ ಗಣಿತ ಹಾಕಿಕೊಟ್ಟಿದ್ದಾರೆ. ಅದರ ವಿವರಕ್ಕೆ ಒಂದು ಸ್ಲೈಡ್ ಇತ್ತು, ಬಿಟ್ಟುಬಿಡೋಣ, ಅಧ್ಯಕ್ಷರು ಗಡಿಯಾರ ನೋಡಿದರು.

ನಿದ್ದೆಯ ಬಗ್ಗೆ ಎರಡೇ ಮಾತು. ಅಮೆರಿಕದ ವಾಸ್ತುಶಿಲ್ಪ ವಿದ್ಯಾರ್ಥಿಗಳ ಸಂಘಟನೆ 2002ರಲ್ಲಿ ಸ್ಟುಡಿಯೋ ಸಂಸ್ಕೃತಿಯ ಬಗ್ಗೆ ವರದಿ ಹೊರತಂದಿತು. ರಾತ್ರಿಯಿಡೀ ಕೂರುವುದನ್ನು ಶೂರತನ ಎಂದುಕೊಳ್ಳುವ ಚಟವನ್ನು ಅದು ನೇರವಾಗಿ ಪ್ರಶ್ನಿಸಿತ್ತು. ಜ್ಯೂರಿ ದಿನ ಅಂಕ ಬೀಳದಿದ್ದರೆ ಆ ಹಿಂದಿನ ರಾತ್ರಿಯ ಬೆಲೆ ತಾನಾಗಿ ಇಳಿಯುತ್ತದೆ. ಸಬ್‌ಮಿಷನ್ ದಿನಕ್ಕೂ ಜ್ಯೂರಿ ದಿನಕ್ಕೂ ನಡುವೆ ಒಂದು ರಾತ್ರಿ ಬಿಟ್ಟರೂ ಸಾಕು.

ಗ್ರೂಪ್ ಪ್ರಾಜೆಕ್ಟಿನಲ್ಲಿ ಒಬ್ಬರಿಗೊಂದು ಅಂಕವಾ, ಎಲ್ಲರಿಗೂ ಒಂದೇನಾ ಎನ್ನುವುದು ಟಿಪ್ಪಣಿಯಲ್ಲಿತ್ತು. ಥೀಸಿಸ್‌ಗೆ ಹೊರಗಿನ ಪರೀಕ್ಷಕರು ಬೇಕಾ ಎನ್ನುವುದೂ ಇತ್ತು. ಬೇಕು, ಆದರೆ ಅವರು ಜ್ಯೂರಿಗೆ ಬರಲಿ, ಅಂಕಕ್ಕೆ ಆಮೇಲೆ ಪೋರ್ಟ್‌ಫೋಲಿಯೊ ಕಳಿಸೋಣ. ಗ್ರೂಪ್ ವಿಷಯ ಪ್ರಶ್ನೋತ್ತರದಲ್ಲಿ ಯಾರಾದರೂ ಎತ್ತಿ. ಮೈಕ್ ಮೊದಲು ವಿದ್ಯಾರ್ಥಿಗಳ ಸಾಲಿಗೆ ಹೋಗಲಿ, ಮೇಷ್ಟ್ರುಗಳ ಕೈಗೆ ಕೊಟ್ಟರೆ ಅದು ವಾಪಸ್ ಬರುವುದಿಲ್ಲ. ಹೂಂ, ಹಿಂದೆ ಕೈ ಎತ್ತಿದವರು, ನೀವೇ ಕೇಳಿ.