ಗೋಡೆ ಕಟ್ಟಿದರೆ ಗುಳೆ ನಿಲ್ಲುತ್ತದೆಯೇ?

ನಮಸ್ಕಾರ. ಅಮೆರಿಕದವರು ಮೆಕ್ಸಿಕೊ ಗಡಿಯಲ್ಲಿ ಗೋಡೆ ಎಬ್ಬಿಸುತ್ತಿದ್ದಾರೆ. ನಾವು ಬಾಂಗ್ಲಾದೇಶದ ಗಡಿಯಲ್ಲಿ ಬೇಲಿ ಹಾಕುತ್ತಾ ಬಂದಿದ್ದೇವೆ, ಈಗ ಮ್ಯಾನ್ಮಾರ್ ಗಡಿಗೂ ಹಾಕುತ್ತೇವೆ ಎಂದು 2024ರಲ್ಲಿ ಸರ್ಕಾರ ಹೇಳಿದೆ. ಟಿವಿಯಲ್ಲಿ ಈ ಚರ್ಚೆ ಬಂದಾಗಲೆಲ್ಲ ಮಾತನಾಡುವವರು ಒಳಗೆ ಕುಳಿತವರೇ ಆಗಿರುತ್ತಾರೆ: ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು. ಹೊರಗಿನಿಂದ ಬರುವವರ ಕಡೆಯಿಂದ ಮಾತು ಶುರುವಾಗುವುದೇ ಇಲ್ಲ. ನಾನು ವಿಜಯಪುರದವಳು. ಗುಳೆ ಹೋಗುವುದು ಎಂದರೇನು ಎಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಈ ವಿಷಯವನ್ನು ಇಲ್ಲಿಂದಲೇ, ನಮ್ಮೂರಿನ ಬೀದಿಗಳಲ್ಲಿ ನಡೆಯುತ್ತಾ ಮಾತನಾಡೋಣ.

ಈಗ ಕಾಣುತ್ತಿರುವುದು ನಮ್ಮ ಕೋಟೆಯ ಗೋಡೆ. ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲಿ, 1565ರ ಹೊತ್ತಿಗೆ ಮುಗಿದದ್ದು. ಊರನ್ನು ಸುತ್ತಿ ಸುಮಾರು 10 ಕಿಲೋಮೀಟರ್ ಉದ್ದ, 96 ಬುರುಜುಗಳು, ಹೊರಗೆ ಕಂದಕ. ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ವಹಿಸಿ ಕಟ್ಟಿಸಿದರು ಎನ್ನುತ್ತಾರೆ. ಒಂದೆಡೆಯ ಕಲ್ಲುಕೆಲಸ ಇನ್ನೊಂದೆಡೆಯಂತೆ ಇಲ್ಲದಿರುವುದನ್ನು ನೀವೇ ಗಮನಿಸಿ. ಇದು ಸೈನ್ಯವನ್ನು ತಡೆಯುವುದಕ್ಕೆ ಕಟ್ಟಿದ ಗೋಡೆ. ಔರಂಗಜೇಬನ ಸೈನ್ಯವನ್ನು ವರ್ಷಕ್ಕೂ ಹೆಚ್ಚು ಕಾಲ ತಡೆಯಿತು ಕೂಡ. 1686ರ ಸೆಪ್ಟೆಂಬರ್‌ನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದಾಗ ಒಳಗೆ ತಿನ್ನಲು ಏನೂ ಉಳಿದಿರಲಿಲ್ಲ.

ಆದರೆ ಕೆಲಸ ಹುಡುಕಿ ಬಂದವರನ್ನು ಈ ಊರು ಗೋಡೆಯಿಂದ ತಡೆದಿದ್ದಿಲ್ಲ. ಇರಾನಿನಿಂದ ಬಂದರು, ತುರ್ಕರು ಬಂದರು, ಆಫ್ರಿಕಾದಿಂದ ಹಬ್ಶಿಗಳು ಬಂದರು. ಇತಿಹಾಸಕಾರ ಫೆರಿಸ್ತಾ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿ, ಬರೆದದ್ದು ಇಲ್ಲಿ. ಹಾಗೆಂದು ಎಲ್ಲರೂ ಹಾಲು ಸಕ್ಕರೆಯಂತೆ ಬೆರೆತರು ಎಂದು ನಾನು ಹೇಳುವುದಿಲ್ಲ. ಹೊರಗಿನಿಂದ ಬಂದ ಆಫಾಕಿಗಳು ಒಂದು ಕಡೆ, ಇಲ್ಲಿಯೇ ಬೇರುಬಿಟ್ಟ ದಖನಿಗಳು ಇನ್ನೊಂದು ಕಡೆ. ಒಂದನೆಯ ಇಬ್ರಾಹಿಂ ಆದಿಲ್ ಶಾಹ ಪಟ್ಟಕ್ಕೆ ಬಂದದ್ದೇ ಪರದೇಶದ ಸೈನಿಕರಲ್ಲಿ ಬಹುಪಾಲು ಜನರನ್ನು ಕೆಲಸದಿಂದ ತೆಗೆದ, ಸರ್ಕಾರದ ಲೆಕ್ಕಪತ್ರಗಳಿಂದ ಪಾರ್ಸಿಯನ್ನೂ ಕೈಬಿಟ್ಟ. ಅವನ ಮಗ ಅಲಿ ಮತ್ತೆ ಅವರನ್ನೇ ಕರೆದ. ‘ನಮ್ಮ ಕೆಲಸ ಹೊರಗಿನವರಿಗೆ ಹೋಗುತ್ತಿದೆ’ ಎಂಬ ಸಿಟ್ಟು ಈ ಊರಿನಲ್ಲಿ ಕೋಟೆಗಿಂತಲೂ ಹಳೆಯದು.

ಆ ಸಿಟ್ಟನ್ನು ನಾನು ಹಗುರವಾಗಿ ನೋಡುವುದಿಲ್ಲ. ಗೋಡೆ ಬೇಕು ಎನ್ನುವವರ ವಾದದಲ್ಲಿ ಗಟ್ಟಿಯಾದದ್ದು ಇದೆ. ತನ್ನೊಳಗೆ ಯಾರು ಬರುತ್ತಾರೆ ಎಂದು ತಿಳಿಯುವ ಹಕ್ಕು ಒಂದು ದೇಶಕ್ಕೆ ಇರಲೇಬೇಕು. ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಅರ್ಜಿ ಹಾಕಿದವನ ಮುಂದೆ ಕತ್ತಲಲ್ಲಿ ನುಸುಳಿದವನು ಹೋಗಿಬಿಟ್ಟರೆ ಅದು ಅನ್ಯಾಯವೇ. ಅಸ್ಸಾಮಿನ ಜನ 1979ರಿಂದ 1985ರವರೆಗೆ ಬೀದಿಗಿಳಿದದ್ದು ತಮ್ಮ ನೆಲದಲ್ಲಿ ತಮ್ಮ ಭಾಷೆಯೇ ಅಲ್ಪಸಂಖ್ಯಾತವಾಗುತ್ತದೆ ಎಂಬ ಭಯದಿಂದ. ಬೆಳಗಾವಿಯನ್ನು ಕಂಡ ಕನ್ನಡಿಗರು ಆ ಭಯವನ್ನು ಸುಳ್ಳು ಎನ್ನಲಾರರು. ಆ ಚಳವಳಿಯನ್ನು ಮುಗಿಸಿದ ಅಸ್ಸಾಂ ಒಪ್ಪಂದದಲ್ಲಿಯೇ ಗಡಿಗೆ ತಡೆ ಹಾಕುವ ಮಾತಿತ್ತು, ಅಲ್ಲಿಂದಲೇ ನಮ್ಮ ಬೇಲಿ ಶುರುವಾಯಿತು.

ಗೋಡೆ ಕೆಲಸ ಮಾಡಿದ ಜಾಗಗಳೂ ಇವೆ. ಇಸ್ರೇಲ್ ಈಜಿಪ್ಟ್ ಗಡಿಯಲ್ಲಿ ಸುಮಾರು 240 ಕಿಲೋಮೀಟರ್ ಬೇಲಿ ಹಾಕಿತು. 2011ರಲ್ಲಿ ಆ ಮರಳುಗಾಡು ದಾಟಿ ಸುಮಾರು 17 ಸಾವಿರ ಆಫ್ರಿಕನ್ನರು ಒಳಬಂದಿದ್ದರು. 2013ರ ಹೊತ್ತಿಗೆ ಆ ಸಂಖ್ಯೆ ನೂರರೊಳಗೆ ಇಳಿಯಿತು. ಅದೇ ಸಮಯದಲ್ಲಿ ಸಿಕ್ಕವರನ್ನು ವರ್ಷಗಟ್ಟಲೆ ಬಂಧನದಲ್ಲಿಡುವ ಕಾನೂನೂ ಬಂದಿತ್ತು ಎನ್ನುವುದನ್ನು ಸೇರಿಸಿ ಹೇಳಬೇಕು, ಆದರೂ ಬೇಲಿಯ ಪಾಲು ಸಣ್ಣದಲ್ಲ. ಅಮೆರಿಕದ ಸ್ಯಾನ್ ಡಿಯಾಗೊ ಊರಿನ ಅಂಚಿನಲ್ಲಿ 1994ರಿಂದ ಬೇಲಿಯೂ ಕಾವಲೂ ಹೆಚ್ಚಾದ ಮೇಲೆ ಅಲ್ಲಿ ದಾಟುವವರು ತೀರಾ ಕಡಿಮೆಯಾದರು. ಕಾವಲುಗಾರರು ಕೊಡುವ ಕಾರಣ ನೇರವಾಗಿದೆ: ಊರಿಗೆ ಊರು ತಾಗಿರುವ ಕಡೆ ದಾಟಿದವನು ನಿಮಿಷಗಳಲ್ಲಿ ಜನರೊಳಗೆ ಮರೆಯಾಗುತ್ತಾನೆ, ಬಯಲಿನಲ್ಲಾದರೆ ಗಂಟೆಗಟ್ಟಲೆ, ದಿನಗಟ್ಟಲೆ ನಡೆಯಬೇಕು. ಗೋಡೆ ಅವರಿಗೆ ಕೊಡುವುದು ಆ ಕೆಲವು ನಿಮಿಷಗಳ ಸಮಯ. ಅಷ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ತೊಂದರೆ ಬರುವುದು ಆ ಕೆಲವು ಮೈಲಿಯ ಉತ್ತರವನ್ನು ಇಡೀ ಮೆಕ್ಸಿಕೊ ಗಡಿಯ 3,100 ಕಿಲೋಮೀಟರ್‌ಗೆ ಎಳೆದಾಗ. ಸ್ಯಾನ್ ಡಿಯಾಗೊ ಮುಚ್ಚಿದ ಮೇಲೆ ಜನ ಅರಿಜೋನಾದ ಮರುಭೂಮಿಗೆ ತಿರುಗಿದರು, ಬಾಯಾರಿ ಬಿಸಿಲಿಗೆ ಸತ್ತರು. ಸತ್ತವರ ಲೆಕ್ಕ ಸಾವಿರಗಳಲ್ಲಿದೆ. ಗೋಡೆಯ ಎತ್ತರವನ್ನು 30 ಅಡಿಗೆ ಏರಿಸಿದ ಮೇಲೆ ಮೇಲಿನಿಂದ ಬಿದ್ದು ಬೆನ್ನುಮೂಳೆ, ಕಾಲು ಮುರಿದುಕೊಂಡು ಸ್ಯಾನ್ ಡಿಯಾಗೊದ ಆಸ್ಪತ್ರೆ ಸೇರುವವರು ಹಲವು ಪಟ್ಟು ಹೆಚ್ಚಾದರು ಎಂದು ಅಲ್ಲಿನ ವೈದ್ಯರೇ ಬರೆದಿದ್ದಾರೆ. ಕೆಳಗಿನಿಂದಲೂ ದಾರಿ ಇದೆ: 2020ರಲ್ಲಿ ಅಲ್ಲಿನ ಅಧಿಕಾರಿಗಳು ಬಹಿರಂಗಪಡಿಸಿದ ಒಂದು ಸುರಂಗ 1,300 ಮೀಟರ್ ಉದ್ದವಿತ್ತು, ಒಳಗೆ ಹಳಿ, ಗಾಳಿಯ ವ್ಯವಸ್ಥೆ, ವಿದ್ಯುತ್ತು. ಇನ್ನು ದೊಡ್ಡದೊಂದು ಪಾಲು ವಿಮಾನದಲ್ಲಿ ವೀಸಾ ಹಿಡಿದು ಬಂದು, ಅವಧಿ ಮುಗಿದರೂ ಅಲ್ಲಿಯೇ ಉಳಿದವರದ್ದು. ಅವರಿಗೆ ಗೋಡೆ ಕಾಣುವುದೇ ಇಲ್ಲ.

ಒಂದೇ ಗೋಡೆಯ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಆ ಗಡಿಯಲ್ಲಿ ಸುಮಾರು ಎರಡೂವರೆ ಲಕ್ಷ ಬಂಧನಗಳಾದವು. ಅಷ್ಟು ಹಿಂದೆಂದೂ ಆಗಿರಲಿಲ್ಲ. 2025ರಲ್ಲಿ ಆ ಸಂಖ್ಯೆ ದಶಕಗಳಲ್ಲೇ ಕನಿಷ್ಠ ಮಟ್ಟಕ್ಕೆ ಕುಸಿಯಿತು. ನಡುವೆ ಗೋಡೆ ಹೇಳಿಕೊಳ್ಳುವಷ್ಟು ಬೆಳೆದಿರಲಿಲ್ಲ. ಬದಲಾದದ್ದು ಆದೇಶಗಳು. 2023ರಲ್ಲಿ ಬಂದವರಲ್ಲಿ ಅನೇಕರು ಗೋಡೆಯ ಬಳಿ ಬಂದು ತಾವೇ ಶರಣಾಗಿ ಆಶ್ರಯ ಕೇಳುತ್ತಿದ್ದರು. ಆ ಬಾಗಿಲನ್ನು ಕಾಗದದ ಮೇಲೆ ಮುಚ್ಚಲಾಯಿತು. ಹಾಗೆ ಮುಚ್ಚಿದ್ದರಿಂದ ನಿಜವಾಗಿ ಜೀವಭಯದಿಂದ ಓಡಿಬಂದವರ ಗತಿ ಏನಾಯಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಆದರೂ ಇಷ್ಟಂತೂ ಸ್ಪಷ್ಟ: ಆ ಕುಸಿತ ಉಕ್ಕಿನ ಕಂಬಗಳಿಂದ ಬಂದದ್ದಲ್ಲ. ಅದೇ ವರ್ಷ ಜುಲೈನಲ್ಲಿ ಗೋಡೆಗೆಂದು ಇನ್ನೂ 46.5 ಶತಕೋಟಿ ಡಾಲರ್ ಎತ್ತಿಡಲಾಯಿತು.

ಈಗ ನಾವು ಬಸ್ ನಿಲ್ದಾಣಕ್ಕೆ ಬಂದಿದ್ದೇವೆ. ಗೋಣಿಚೀಲಗಳಲ್ಲಿ ಪಾತ್ರೆ, ಹಾಸಿಗೆ, ಜೋಳದ ಹಿಟ್ಟು ಕಟ್ಟಿಕೊಂಡು ಕುಳಿತ ಈ ಜನ ತಾಂಡಾದಿಂದ ಬಂದವರು, ಕೆಲಸಕ್ಕೆಂದು ಗೋವಾಕ್ಕೆ ಹೊರಟಿದ್ದಾರೆ. ಮುಖ ತೋರಿಸಬೇಡ ಎಂದು ಕೇಳಿಕೊಂಡದ್ದರಿಂದ ಚೀಲಗಳನ್ನಷ್ಟೇ ತೋರಿಸುತ್ತಿದ್ದೇನೆ. ‘ಅಲ್ಲಿಯೇ ಮನೆ ಮಾಡಿಕೊಂಡು ಇದ್ದುಬಿಡಬಹುದಲ್ಲ, ಅಕ್ಕ?’ ಎಂದು ಒಬ್ಬರನ್ನು ಕೇಳಿದೆ. ‘ಏಕೆ ತಂಗಿ? ಹೊಲ ಇಲ್ಲಿದೆ, ಅತ್ತೆ ಇಲ್ಲಿದ್ದಾರೆ. ಸಂಕ್ರಮಣಕ್ಕೆ ಸಿದ್ಧೇಶ್ವರನ ಜಾತ್ರೆಗೆ ಬರಬೇಕು. ದುಡ್ಡಿಗೆ ಹೋಗುವುದು, ಇರುವುದಕ್ಕಲ್ಲ’ ಎಂದರು.

ದುಡ್ಡಿಗೆ ಹೋಗುವುದು, ಇರುವುದಕ್ಕಲ್ಲ. ಮೆಕ್ಸಿಕೊದ ಹಳ್ಳಿಗಳಿಂದ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಹೋಗುತ್ತಿದ್ದವರಲ್ಲಿ ಬಹಳಷ್ಟು ಜನರ ಮಾತೂ ಇದೇ ಆಗಿತ್ತು. ಸುಗ್ಗಿಗೆ ಹೋಗುವುದು, ಸುಗ್ಗಿ ಮುಗಿದ ಮೇಲೆ ಊರಿಗೆ ಬರುವುದು. ಸಮಾಜಶಾಸ್ತ್ರಜ್ಞ ಡಗ್ಲಾಸ್ ಮ್ಯಾಸಿ ಮತ್ತು ಮೆಕ್ಸಿಕೊದ ಹೋರ್ಹೆ ಡುರಾಂಡ್ 1982ರಿಂದ ಆ ಹಳ್ಳಿಗಳ ಮನೆಮನೆಯನ್ನು ವಿಚಾರಿಸುತ್ತಾ ಬಂದವರು. ಅವರು ಕಂಡದ್ದು ಏನೆಂದರೆ, ಗಡಿ ಬಿಗಿಯಾದ ಮೇಲೆ ಹೋಗುವವರು ನಿಂತದ್ದಕ್ಕಿಂತ ಹೆಚ್ಚಾಗಿ ಹಿಂತಿರುಗುವವರು ನಿಂತರು. ದಾಟಿಸುವ ದಲ್ಲಾಳಿಗೆ ಸಾಲ ಮಾಡಿ ದೊಡ್ಡ ಮೊತ್ತ ಕೊಟ್ಟು, ಮರುಭೂಮಿಯಲ್ಲಿ ಜೀವ ಒತ್ತೆಯಿಟ್ಟು ಒಳಗೆ ಬಂದವನು ಹಬ್ಬಕ್ಕೆಂದು ಊರಿಗೆ ಹೋಗಿ ಮತ್ತೊಮ್ಮೆ ಅದೇ ದಾರಿ ಹಿಡಿಯುತ್ತಾನೆಯೇ? ಅಲ್ಲಿಯೇ ಉಳಿದ, ಹೆಂಡತಿ ಮಕ್ಕಳನ್ನೂ ಅಲ್ಲಿಗೇ ಕರೆಸಿಕೊಂಡ. ಯಾರು ನೆಲೆ ನಿಲ್ಲಬಾರದು ಎಂದು ಬೇಲಿ ಹಾಕಿದರೋ ಅವರನ್ನೇ ಬೇಲಿ ನೆಲೆ ನಿಲ್ಲಿಸಿತು. ಗೋಡೆಯ ವಿರುದ್ಧ ನೂರು ವಾದಗಳಿರಬಹುದು, ನನ್ನ ಮಟ್ಟಿಗೆ ಇದೊಂದೇ ಸಾಕು.

ಇದನ್ನು ನಾನು ನಂಬುವುದಕ್ಕೆ ನಮ್ಮ ಮನೆಯಲ್ಲೇ ಕಾರಣವಿದೆ. ನನ್ನ ಸೋದರಮಾವ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ಮುಂಗಾರು ಬಂತೆಂದರೆ ಊರು, ಬಿತ್ತನೆ. ರಾಶಿ ಮುಗಿದರೆ ಮತ್ತೆ ಬಸ್ಸು. 2020ರಲ್ಲಿ ಗಡಿಗಳೆಲ್ಲ ಮುಚ್ಚಿದಾಗ ಅವರು ಅಲ್ಲಿ ಸಿಕ್ಕಿಬಿದ್ದರು. ಊರಿನಲ್ಲಿ ಅತ್ತೆ, ಸಣ್ಣ ಮಕ್ಕಳು. ರೋಗದ ಕಾಲ, ಮುಚ್ಚಿದ್ದು ತಪ್ಪೆಂದು ನಾನು ವಾದಿಸುವುದಿಲ್ಲ. ಆದರೆ ಬಾಗಿಲು ತೆರೆದು ಊರಿಗೆ ಬಂದ ಮಾವ ಮರುಬಾರಿ ಹೊರಟಾಗ ಅತ್ತೆಯನ್ನೂ ಮಕ್ಕಳನ್ನೂ ಕರೆದುಕೊಂಡೇ ಹೋದರು. ‘ಇನ್ನೊಮ್ಮೆ ಮುಚ್ಚಿದರೆ ಎಲ್ಲರೂ ಒಂದೇ ಕಡೆ ಇರೋಣ’ ಎಂದರು. ಮಕ್ಕಳು ಈಗ ಕೊಂಕಣಿ ಮಾತನಾಡುತ್ತಾರೆ. ಹೊಲವನ್ನು ಲಾವಣಿಗೆ ಕೊಟ್ಟಾಯಿತು.

ನೂರು ಕಿಲೋಮೀಟರಿನ ಸೊಲ್ಲಾಪುರ ರಸ್ತೆಯಲ್ಲಿ ಸಾಗಿ ಈಗ ಧೂಳಖೇಡಕ್ಕೆ ಬಂದಿದ್ದೇವೆ. ಕೆಳಗೆ ಭೀಮಾ ನದಿ, ಆಚೆ ದಡ ಮಹಾರಾಷ್ಟ್ರ. ಇದು ರಾಜ್ಯದ ಗಡಿ, ದೇಶದ ಗಡಿಯಲ್ಲ. ಭಾರತದೊಳಗೆ ಎಲ್ಲಿಗೆ ಬೇಕಾದರೂ ಹೋಗಿ ಬದುಕುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಎರಡನ್ನೂ ಒಂದೇ ಎಂದು ಹೇಳುವುದು ಸರಿಯಲ್ಲ. ನಾನು ಇಲ್ಲಿ ನೋಡಬೇಕಾದದ್ದು ಜನರ ನಡಿಗೆಯನ್ನು ಮಾತ್ರ. ನಮ್ಮ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅದೇ ಹಂಗಾಮಿನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯುವವರು ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೆ ಬರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಭುಗಿಲೆದ್ದು ಬಸ್ಸುಗಳಿಗೆ ಮಸಿ ಬಳಿದರು, ಓಡಾಟ ನಿಂತಿತು. ಆಗಲೂ ಕಬ್ಬು ಕಡಿಯುವುದು ನಿಲ್ಲಲಿಲ್ಲ. ಗಾಣಕ್ಕೆ ಕಬ್ಬು ಬೇಕಿತ್ತು, ಕಡಿಯುವವರಿಗೆ ಮುಂಗಡ ತೀರಬೇಕಿತ್ತು.

ನಮ್ಮ ದೇಶದ ಬೇಲಿಯ ಬಗ್ಗೆ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಬಾಂಗ್ಲಾದೇಶದೊಂದಿಗಿನ ಗಡಿ 4,096 ಕಿಲೋಮೀಟರ್; ಅದರಲ್ಲಿ 3 ಸಾವಿರ ಕಿಲೋಮೀಟರ್‌ಗೂ ಹೆಚ್ಚು ಬೇಲಿ ಆಗಿದೆ. 1975ರ ಒಪ್ಪಂದದ ಪ್ರಕಾರ ಗಡಿರೇಖೆಯಿಂದ 150 ಗಜದೊಳಗೆ ಎರಡೂ ಕಡೆ ರಕ್ಷಣಾ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಬೇಲಿ ನಮ್ಮ ನೆಲದೊಳಗೆ ಸರಿದು ನಿಂತಿದೆ, ನಮ್ಮದೇ ರೈತರ ಹೊಲಗಳು, ಕೆಲವೆಡೆ ಮನೆಗಳು ಬೇಲಿಯಾಚೆ ಉಳಿದಿವೆ. ಬೆಳಿಗ್ಗೆ ಗಡಿ ಭದ್ರತಾ ಪಡೆಯವರು ಗೇಟು ತೆರೆದಾಗ ಗುರುತಿನ ಚೀಟಿ ತೋರಿಸಿ ತನ್ನ ಹೊಲಕ್ಕೆ ತಾನು ಹೋಗಬೇಕು, ಗೇಟು ಮುಚ್ಚುವುದರೊಳಗೆ ಬರಬೇಕು. ರಾತ್ರಿ ಬೆಳೆಗೆ ದನ ನುಗ್ಗಿದರೂ ಹೋಗುವಂತಿಲ್ಲ. ಕಾಲುವೆಗೆ ಪಾಳಿ ಪ್ರಕಾರ ನೀರು ಬಿಡುವ ಊರಿನ ಯಾವ ರೈತನನ್ನಾದರೂ ಕೇಳಿ, ಹೊಲಕ್ಕೆ ಹೊತ್ತು ಗೊತ್ತು ನೋಡಿ ಹೋಗಲು ಆಗುತ್ತದೆಯೇ ಎಂದು. ಅದೇ ಬೇಲಿಯ ಮೇಲೆ 2011ರ ಜನವರಿಯಲ್ಲಿ, ತಂದೆಯೊಂದಿಗೆ ಬಾಂಗ್ಲಾದೇಶಕ್ಕೆ ಹಿಂತಿರುಗುತ್ತಿದ್ದ 15 ವರ್ಷದ ಹುಡುಗಿ ಗುಂಡೇಟಿಗೆ ಸಿಕ್ಕಳು. ಬಟ್ಟೆ ತಂತಿಗೆ ಸಿಕ್ಕಿಕೊಂಡು ದೇಹ ಗಂಟೆಗಟ್ಟಲೆ ನೇತಾಡಿತು. ಆಕೆ ಒಳಗೆ ಬರುತ್ತಿರಲಿಲ್ಲ, ಮನೆಗೆ ಹೋಗುತ್ತಿದ್ದಳು.

ಹಾಗಾದರೆ ಗಡಿಯನ್ನು ತೆರೆದಿಡಬೇಕೆ? ಬೇಡ. ಊರಿಗೆ ಊರು ತಾಗುವ ಕಡೆ ಬೇಲಿ ಇರಲಿ, ಶಸ್ತ್ರ ಸಾಗಿಸುವ ದಾರಿಯಲ್ಲಿ ಕಾವಲು ಇರಲಿ. ನದಿ, ಹೊಳೆದಂಡೆಯಲ್ಲಿ ಬೇಲಿ ನಿಲ್ಲುವುದೇ ಇಲ್ಲವೆಂದು ಅಸ್ಸಾಮಿನ ಧುಬ್ರಿಯಲ್ಲಿ 2019ರಲ್ಲಿ 61 ಕಿಲೋಮೀಟರ್‌ಗೆ ಕ್ಯಾಮೆರಾ, ಸಂವೇದಕಗಳನ್ನು ಅಳವಡಿಸಿದ್ದಾರೆ, ಅದೂ ಸರಿ. ಇದರ ಜೊತೆಗೆ ಕೂಲಿಗೆ ಬರುವವನಿಗೆ ಹೆಸರು ಬರೆಸಿ ಬರುವ, ಹಂಗಾಮು ಮುಗಿದ ಮೇಲೆ ಹೋಗುವ, ಮುಂದಿನ ವರ್ಷ ಮತ್ತೆ ಬರುವ ಬಾಗಿಲು ಬೇಕು. ‘ನಮ್ಮಲ್ಲೇ ಕೂಲಿಗಳಿಗೆ ಬರವೇ?’ ಎಂದು ನೀವು ಕೇಳಬಹುದು. ಗೋವಾದಲ್ಲಿ ನಮ್ಮವರನ್ನು ನೋಡಿ ಕೇಳುವ ಪ್ರಶ್ನೆಯೂ ಅದೇ. ಕೆಲಸ ಕೊಡುವವರು ಇರುವುದರಿಂದಲೇ ಜನ ಬರುತ್ತಾರೆ. ಚೀಟಿ ಇಲ್ಲದೆ ಬಂದವನಿಗೆ ಕಡಿಮೆ ಕೂಲಿ ಕೊಟ್ಟು ದುಡಿಸುವುದರಿಂದ ಇಲ್ಲಿನ ಕೂಲಿಯ ದರವೂ ಇಳಿಯುತ್ತದೆ. ಚೀಟಿ ಇದ್ದರೆ ಅವನು ತಕರಾರು ಮಾಡಬಲ್ಲ.

ಅಂಥ ಬಾಗಿಲು ಅಮೆರಿಕದಲ್ಲಿ ಹಿಂದೆಯೂ ಇತ್ತು. 1942ರಿಂದ 1964ರವರೆಗೆ ಬ್ರಾಸೆರೊ ಎಂಬ ಯೋಜನೆಯಲ್ಲಿ ಮೆಕ್ಸಿಕೊದ ಲಕ್ಷಾಂತರ ರೈತಕೂಲಿಗಳು ಕರಾರಿನ ಮೇಲೆ ಬಂದು ಹೋದರು. ಆದರೆ ಅವರನ್ನು ಕರಾರು ಮಾಡಿಕೊಂಡ ಧಣಿಗೇ ಕಟ್ಟಿಹಾಕಿದ್ದರು, ಉಳಿತಾಯವೆಂದು ಮೊದಲ ವರ್ಷಗಳಲ್ಲಿ ಹಿಡಿದ ಶೇಕಡಾ 10ರಷ್ಟು ಕೂಲಿ ಅನೇಕರ ಕೈಸೇರಲೇ ಇಲ್ಲ. ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಮುಂಗಡಕ್ಕೆ ಸಿಕ್ಕಿದ ನಮ್ಮ ಕಬ್ಬಿನ ಜನರಿಗೆ ಈ ಕಥೆ ಹೊಸದಲ್ಲ. ಈಗ ಕೃಷಿ ಕೂಲಿಗಳಿಗೆ ಎಚ್-2ಎ ಎಂಬ ಹಂಗಾಮಿನ ವೀಸಾ ಇದೆ, ವರ್ಷಕ್ಕೆ 3 ಲಕ್ಷದಷ್ಟು ಕೊಡುತ್ತಾರೆ. ಅದರಲ್ಲೂ ಧಣಿಯನ್ನು ಬದಲಿಸುವುದು ಕಷ್ಟ. ಹೈನುಗಾರಿಕೆ ವರ್ಷವಿಡೀ ನಡೆಯುವ ಕೆಲಸವಾದ್ದರಿಂದ ಅದಕ್ಕೆ ಆ ವೀಸಾ ಸಿಗುವುದೇ ಇಲ್ಲ. ಅಲ್ಲಿನ ಅನೇಕ ಡೈರಿಗಳು ಕಾಗದಪತ್ರವಿಲ್ಲದ ಕೂಲಿಗಳನ್ನೇ ನಂಬಿಕೊಂಡಿವೆ. ಅದನ್ನು ಸರಿಪಡಿಸಲು ಕಾನೂನಿನಲ್ಲಿ ಒಂದು ತಿದ್ದುಪಡಿ ಬೇಕು, ಧಣಿಯನ್ನು ಬಿಟ್ಟು ಇನ್ನೊಬ್ಬರ ಬಳಿ ಕೆಲಸ ಹಿಡಿಯುವ ಹಕ್ಕನ್ನು ಅದೇ ವೀಸಾದಲ್ಲಿ ಬರೆಯಬೇಕು. ಈ ಎರಡಕ್ಕೂ ಒಂದು ಅಡಿ ಗೋಡೆ ಬೇಕಾಗಿಲ್ಲ.