ಬದುವಿನ ಜಗಳ: ಮಿಷಿಗನ್–ಒಹಾಯೊ ಸ್ಟೇಟ್ ಪಂದ್ಯದ ಮುನ್ನಾದಿನ

ಸಭೆಯ ಹಿರಿಯರೇ, ಆ್ಯನ್ ಆರ್ಬರ್ ಕಡೆಯಿಂದಲೂ ಕೊಲಂಬಸ್ ಕಡೆಯಿಂದಲೂ ಬಂದು ಇಲ್ಲಿ ಒಂದೇ ಸಾಲಿನಲ್ಲಿ ಕುಳಿತಿರುವ ವಿದ್ಯಾರ್ಥಿಗಳೇ,

ರಾಜ್ಯೋತ್ಸವದ ವೇದಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್ ಕುರಿತು ಮಾತನಾಡಲು ನನಗೆ ಸಂಕೋಚವಿಲ್ಲ. ಗಡಿ ಎಂದರೇನು ಎಂಬುದನ್ನು ನಾವು ಪ್ರತಿ ನವೆಂಬರಿನಲ್ಲೂ ನೆನೆಯುತ್ತೇವೆ. ನಾವು ಬಂದು ನೆಲೆಸಿರುವ ಈ ಎರಡು ರಾಜ್ಯಗಳೂ ತಮ್ಮ ಗಡಿಯನ್ನು ಇದೇ ತಿಂಗಳಲ್ಲಿ ನೂರು ಗಜದ ಮೈದಾನದ ಮೇಲೆ ನೆನೆಯುತ್ತವೆ. ನಾಳೆ, 2025ರ ನವೆಂಬರ್ 29ರ ಮಧ್ಯಾಹ್ನ ಹನ್ನೆರಡಕ್ಕೆ, ಆ್ಯನ್ ಆರ್ಬರಿನಲ್ಲಿ ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದ ತಂಡವೂ ಕೊಲಂಬಸ್‌ನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವೂ ಎದುರುಬದುರಾಗುತ್ತವೆ. ಈ ಋತುವಿನಲ್ಲಿ ಒಹಾಯೊ ಸ್ಟೇಟ್ ಒಂದು ಪಂದ್ಯವನ್ನೂ ಸೋತಿಲ್ಲ. ಆದರೆ ಮಿಷಿಗನ್ ಎದುರು 2021ರಿಂದ ಸತತ ನಾಲ್ಕು ಸಲ ಸೋತಿದೆ. ಕಳೆದ ವರ್ಷ ಮಿಷಿಗನ್‌ಗೆ 13–10ರಿಂದ ಸೋತ ಅದೇ ತಂಡ, ಈ ಜನವರಿಯಲ್ಲಿ ನೋಟರ್ ಡೇಮ್ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆದರೂ ಕೊಲಂಬಸ್‌ನ ಗೆಳೆಯರನ್ನು ಕೇಳಿ ನೋಡಿ, ಮೊದಲು ನೆನಪಿಗೆ ಬರುವುದು ಆ ಸೋಲು. ದೇಶವನ್ನೇ ಗೆದ್ದವರಿಗೆ ಪಕ್ಕದ ಹೊಲದವನನ್ನು ಗೆಲ್ಲಲಿಲ್ಲ ಎಂಬ ಕೊರಗು ಹೋಗಿಲ್ಲ.

ಪಕ್ಕದ ಹೊಲ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದೆ. ಇದು ಬದುವಿನ ಜಗಳ ಎಂಬುದೇ ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು. ನಮ್ಮ ಹಳ್ಳಿಗಳಲ್ಲಿ ಬದು ಒತ್ತಿದ ಎಂದು ಶುರುವಾಗುವ ಜಗಳ ಎಷ್ಟು ತಲೆಮಾರು ನಡೆಯುತ್ತದೆಂಬುದನ್ನು ನೀವೆಲ್ಲ ಬಲ್ಲಿರಿ. ಅಂಥ ಜಗಳ ದೂರದವರೊಡನೆ ಹುಟ್ಟುವುದಿಲ್ಲ. ಒಂದೇ ಕಾಲುವೆಯ ನೀರು ಕುಡಿಯುವವರ ನಡುವೆ ಮಾತ್ರ ಹುಟ್ಟುತ್ತದೆ.

ಇಲ್ಲಿ ಹಾಗೆ ಒತ್ತುವರಿಯಾದ ನೆಲ ಬೇರೆ ಯಾವುದೂ ಅಲ್ಲ, ನಾವು ಈಗ ಕುಳಿತಿರುವ ಈ ಟೊಲೀಡೊ. 1787ರ ವಾಯವ್ಯ ಪ್ರಾಂತ್ಯದ ಶಾಸನವು ಮಿಷಿಗನ್ ಸರೋವರದ ದಕ್ಷಿಣ ತುದಿಯಿಂದ ಪೂರ್ವಕ್ಕೆ ಒಂದು ಗಡಿಗೆರೆಯನ್ನು ಸೂಚಿಸಿತ್ತು. ಆ ಕಾಲದ ನಕಾಶೆಗಳಲ್ಲಿ ಸರೋವರದ ತುದಿಯನ್ನು ನಿಜಕ್ಕಿಂತ ಉತ್ತರಕ್ಕೆ ಬರೆದಿದ್ದರು. ಆ ತಪ್ಪಿನಿಂದಾಗಿ ಸುಮಾರು 468 ಚದರ ಮೈಲಿ ನೆಲವನ್ನು, ಮಾಮೀ ನದಿ ಈರೀ ಸರೋವರ ಸೇರುವ ಈ ಬಂದರಿನ ಜಾಗವೂ ಸೇರಿದಂತೆ, ಒಹಾಯೊ, ಮಿಷಿಗನ್ ಇಬ್ಬರೂ ತಮ್ಮದೆಂದರು. 1835ರಲ್ಲಿ ಎರಡೂ ಕಡೆಯವರು ದಂಡು ಕಟ್ಟಿಕೊಂಡು ಬಂದರು. ಒಹಾಯೊದ ಗವರ್ನರ್ ರಾಬರ್ಟ್ ಲೂಕಸ್ ಅನುಭವಸ್ಥ. ಮಿಷಿಗನ್ ಪ್ರಾಂತ್ಯವನ್ನು ನಡೆಸುತ್ತಿದ್ದ ಸ್ಟೀವನ್ಸ್ ಮೇಸನ್‌ಗೆ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಇಡೀ ಯುದ್ಧದಲ್ಲಿ ಹೇಳಿಕೊಳ್ಳುವಂಥ ಗಾಯವಾದದ್ದು ಒಬ್ಬರಿಗೆ ಮಾತ್ರ. ಮಿಷಿಗನ್ ಕಡೆಯ ಉಪ ಷೆರಿಫ್ (ಕಾನೂನು ಪಾಲನೆಯ ಅಧಿಕಾರಿ) ಜೋಸೆಫ್ ವುಡ್ ಅವರನ್ನು ಟೂ ಸ್ಟಿಕ್ನಿ ಎಂಬ ಯುವಕ ಚಾಕುವಿನಿಂದ ತಿವಿದ, ವುಡ್ ಬದುಕಿಕೊಂಡರು. ಆ ಯುವಕನ ತಂದೆ ಮಕ್ಕಳಿಗೆ ಒನ್, ಟೂ ಎಂದೇ ಹೆಸರಿಟ್ಟಿದ್ದರು. ಮಕ್ಕಳು ಇದನ್ನು ಕೇಳಿ ನಗುತ್ತಿರುವುದು ಕಾಣುತ್ತಿದೆ. ನಗಲಿ, ಆದರೆ ಇದು ನಿಜ.

ಕೊನೆಗೆ ಟೊಲೀಡೊ ಒಹಾಯೊಗೆ ಸಿಕ್ಕಿತು. ಅದರ ಬದಲಿಗೆ ಮಿಷಿಗನ್‌ಗೆ ಉತ್ತರದ ಪರ್ಯಾಯ ದ್ವೀಪದ ಬಹುಭಾಗ ದೊರೆತು, 1837ರ ಜನವರಿಯಲ್ಲಿ ಅದು ರಾಜ್ಯವಾಯಿತು. ಕಾಡು, ಹಿಮ ಬಿಟ್ಟರೆ ಅಲ್ಲಿ ಏನಿದೆ ಎಂದು ಆಗ ಗೊಣಗಿದವರಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿ ತಾಮ್ರ, ಕಬ್ಬಿಣದ ಗಣಿಗಳು ತೆರೆದವು. ಸೋತವನಿಗೆ ಹೆಚ್ಚು ಸಿಕ್ಕಿತೋ ಗೆದ್ದವನಿಗೋ ಎಂಬ ವಾದ ಈ ಸಭೆಯಲ್ಲಿಯೇ ಎದ್ದೀತು. ಹಾಗಾಗಿ ಮುಂದೆ ಹೋಗುತ್ತೇನೆ.

ನಾಳೆ ಹಿಮ ಬಿದ್ದೀತು ಎಂದು ಇಲ್ಲಿ ಯಾರೋ ಹೇಳುತ್ತಿದ್ದರು. ಹಿಮದ ಮಾತು ಬಂದ ಮೇಲೆ 1950ರ ಪಂದ್ಯವನ್ನು ಹೇಳದಿರಲಾರೆ. ನವೆಂಬರ್ 25ರಂದು ಕೊಲಂಬಸ್‌ನಲ್ಲಿ ಹಿಮದ ಬಿರುಗಾಳಿ ಎದ್ದಿತ್ತು. ಮೈದಾನಕ್ಕೆ ಹೊದಿಸಿದ್ದ ಟಾರ್ಪಾಲು ನೆಲಕ್ಕೇ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಕೀಳಲು ಪ್ರೇಕ್ಷಕರೂ ಕೈಹಾಕಿದರು. ಗೆರೆಗಳು ಕಾಣದಂಥ ಆ ಮೈದಾನದ ಸುತ್ತ 50 ಸಾವಿರಕ್ಕೂ ಹೆಚ್ಚು ಜನ ಕುಳಿತಿದ್ದರು. ಚೆಂಡು ಕೈಯಲ್ಲಿದ್ದರೆ ಜಾರಿ ಬಿದ್ದೀತು, ಬಿದ್ದರೆ ಎದುರಾಳಿಗೆ ಸಿಕ್ಕೀತು ಎಂಬ ಭಯದಿಂದ ಎರಡೂ ತಂಡಗಳು ಚೆಂಡು ಸಿಕ್ಕಿದ ಕೂಡಲೇ ಅದನ್ನು ದೂರಕ್ಕೆ ಒದೆಯತೊಡಗಿದವು. ಹಾಗೆ ದೂರಕ್ಕೆ ಒದೆಯುವುದನ್ನು ಪಂಟ್ ಎನ್ನುತ್ತಾರೆ; ಆ ದಿನದ ಪಂಟ್‌ಗಳ ಲೆಕ್ಕ 45. ಮಿಷಿಗನ್‌ನ ಚಕ್ ಆರ್ಟ್‌ಮನ್ ಒಬ್ಬರೇ 24 ಸಲ ಒದ್ದರು. ಒಹಾಯೊ ಸ್ಟೇಟ್‌ನ ವಿಕ್ ಜಾನೊವಿಚ್ ಆ ಗಾಳಿಯಲ್ಲೂ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದು ಒಂದು ಫೀಲ್ಡ್ ಗೋಲ್ ಹೊಡೆದು 3 ಅಂಕ ತಂದುಕೊಟ್ಟರು. ಆ ಒದೆತವನ್ನು ಕಂಡವರು ಅದನ್ನು ಜೀವಮಾನವಿಡೀ ಹೇಳಿಕೊಂಡರೆಂದರೆ ಆಶ್ಚರ್ಯವಿಲ್ಲ. ಬಳಿಕ ಮಿಷಿಗನ್ ಒಂದು ಪಂಟ್ ತಡೆದು 2 ಅಂಕ ಪಡೆಯಿತು. ಮೊದಲರ್ಧ ಮುಗಿಯಲು 47 ಸೆಕೆಂಡು ಉಳಿದಿದ್ದಾಗ ಒಹಾಯೊ ಸ್ಟೇಟ್ ಸುಮ್ಮನೆ ಗಡಿಯಾರ ಓಡಲು ಬಿಡಬಹುದಿತ್ತು. ಬಿಡದೆ ಮತ್ತೊಮ್ಮೆ ಒದೆಯಲು ಹೊರಟಿತು. ಮಿಷಿಗನ್‌ನ ಟೋನಿ ಮಾಮ್ಸೆನ್ ಅದನ್ನು ತಡೆದು, ಮೈದಾನದ ತುದಿಯ ಅಂಕ ಗಳಿಸುವ ಪಟ್ಟಿಯಾದ ಎಂಡ್ ಝೋನ್‌ನಲ್ಲಿ ಚೆಂಡಿನ ಮೇಲೆ ಬಿದ್ದು ಟಚ್‌ಡೌನ್ ಗಳಿಸಿದರು; ಅದಕ್ಕೆ 6 ಅಂಕ, ಅದರ ಬೆನ್ನಿಗಿನ ಒದೆತಕ್ಕೆ 1. ಪಂದ್ಯ 9–3ಕ್ಕೆ ಮುಗಿಯಿತು. ಗೆದ್ದ ತಂಡ ಇಡೀ ದಿನದಲ್ಲಿ ಒಂದೇ ಒಂದು ಫಸ್ಟ್ ಡೌನ್ (ಹತ್ತು ಗಜ ಮುಂದೆ ಸಾಗಿ ಪಡೆಯುವ ಹೊಸ ಅವಕಾಶ) ಪಡೆಯಲಿಲ್ಲ, ಅದರ ಒಂದು ಪಾಸೂ ಕೈಸೇರಲಿಲ್ಲ. ಆದರೂ ಅದು ಋತುವಿನ ಕೊನೆಯ ಪ್ರತಿಷ್ಠಿತ ಪಂದ್ಯವಾದ ರೋಸ್ ಬೌಲ್‌ಗೆ ಹೋಯಿತು.

ಆ ಸೋಲಿನ ಬಳಿಕ ಒಹಾಯೊ ಸ್ಟೇಟ್‌ನ ಕೋಚ್ ವೆಸ್ ಫೆಸ್ಲರ್ ರಾಜೀನಾಮೆ ಕೊಟ್ಟರು. 1951ರಲ್ಲಿ ಅವರ ಜಾಗಕ್ಕೆ ಬಂದವರು ವುಡಿ ಹೇಯ್ಸ್. ಮಿಷಿಗನ್ ಎಂಬ ಹೆಸರನ್ನೂ ಉಚ್ಚರಿಸದೆ ‘ಆ ಉತ್ತರದ ತಂಡ’ ಎನ್ನುತ್ತಿದ್ದವರು ಅವರೇ. ನನ್ನ ಬದುವಿನ ವಾದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಡ. ಏಕೆಂದರೆ 1969ರಲ್ಲಿ ಮಿಷಿಗನ್‌ನ ಕೋಚ್ ಆಗಿ ಬಂದ ಬೋ ಶೆಂಬೆಕ್ಲರ್ ಹುಟ್ಟಿದ್ದು ಒಹಾಯೊದ ಬಾರ್ಬರ್ಟನ್‌ನಲ್ಲಿ; ವುಡಿಯವರ ಕೈಕೆಳಗೆ ಆಡಿ, ಬಳಿಕ ಅವರಿಗೇ ಸಹಾಯಕರಾಗಿ ಕೊಲಂಬಸ್‌ನಲ್ಲಿ ಕೆಲಸ ಕಲಿತವರು. ಆ ವರ್ಷ, ಸತತ 22 ಪಂದ್ಯ ಗೆದ್ದು ಬಂದಿದ್ದ ಗುರುವನ್ನು ಶಿಷ್ಯ 24–12ರಿಂದ ಸೋಲಿಸಿದರು. ಗುರುವಿನ ಪಟ್ಟುಗಳನ್ನೆಲ್ಲ ಬಲ್ಲವರಿಗೆ ಅದಕ್ಕೆ ಮರುಪಟ್ಟೂ ತಿಳಿದಿತ್ತು. ಮುಂದಿನ ಹತ್ತು ವರ್ಷ ಇಬ್ಬರೂ ಹೀಗೆಯೇ ಸೆಣಸಿದರು: ಶಿಷ್ಯನಿಗೆ 5, ಗುರುವಿಗೆ 4, 1973ರ ಒಂದು ಪಂದ್ಯ 10–10ರ ಸಮ. ಮತ್ತೆ ಅದನ್ನೇ ಹೇಳುತ್ತೇನೆ, ಒಂದೇ ಮನೆಯ ಅನ್ನ ಉಂಡವರ ನಡುವೆಯೇ ಇಂಥ ಹಟ ಬೆಳೆಯುವುದು.

ಇಷ್ಟೆಲ್ಲ ಹೇಳಲು ಕಾರಣ ಕಳೆದ ವರ್ಷದ ನವೆಂಬರ್ 30. ಪಂದ್ಯ ಮುಗಿದ ಮೇಲೆ ಮಿಷಿಗನ್ ಆಟಗಾರರು ಕೊಲಂಬಸ್‌ನ ಮೈದಾನದ ನಡುವೆ ತಮ್ಮ ಬಾವುಟ ನೆಡಲು ಹೋದರು, ಒಹಾಯೊ ಸ್ಟೇಟ್ ಹುಡುಗರು ಮೇಲೆ ಬಿದ್ದರು, ಪೊಲೀಸರು ಪೆಪ್ಪರ್ ಸ್ಪ್ರೇ ಸಿಂಪಡಿಸಿದರು, ಇವರಿಬ್ಬರೂ ಆಡುವ ಬಿಗ್ ಟೆನ್ ಕೂಟ ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಹಾಕಿತು. ಬದುವಿನ ಜಗಳದಲ್ಲೂ ಒಂದು ಕಟ್ಟುಪಾಡಿದೆ: ನೆರೆಯವನ ಅಂಗಳಕ್ಕೆ ನುಗ್ಗಿ ನನ್ನ ಗೂಟ ಹೊಡೆಯುವಂತಿಲ್ಲ, ಹೊಡೆಯಲು ಬಂದವನ ಮೇಲೆ ಕಲ್ಲೆತ್ತುವಂತೆಯೂ ಇಲ್ಲ. ಅಂದು ಎರಡೂ ಕಡೆಯವರು ಅದನ್ನು ಮುರಿದರು. ಆ ಹುಡುಗರು ಈ ಸಭೆಯ ಮೊದಲ ಸಾಲಿನಲ್ಲಿರುವ ನಮ್ಮ ಮಕ್ಕಳ ವಯಸ್ಸಿನವರು. ಅದು ನನ್ನನ್ನು ಇಡೀ ವರ್ಷ ಕಾಡಿದೆ.

ಸಮಯವಾಯಿತೆಂದು ಚೀಟಿ ಬಂದಿದೆ. ಮಿಷಿಗನ್ ತಂಡವನ್ನು ಸೋಲಿಸಿದ ತನ್ನ ಆಟಗಾರರಿಗೆ ಒಹಾಯೊ ಸ್ಟೇಟ್ 1934ರಿಂದ ಕೊಡುತ್ತಿರುವ, ಪ್ಯಾಂಟಿನ ಆಕಾರದ ಪುಟ್ಟ ಚಿನ್ನದ ಪದಕದ ಕಥೆ, ಕೊಲಂಬಸ್‌ನಲ್ಲಿ ಈ ವಾರ ‘ಎಂ’ ಅಕ್ಷರಕ್ಕೆಲ್ಲ ಕೆಂಪು ಪಟ್ಟಿ ಅಂಟಿಸುವ ಕಥೆ, ಇವನ್ನು ಊಟದ ಹೊತ್ತಿನಲ್ಲಿ ಕೇಳಿ. 2006 ಒಂದನ್ನು ಮಾತ್ರ ಹೇಳಿಬಿಡುತ್ತೇನೆ. ದೇಶದ ಮೊದಲ ಮತ್ತು ಎರಡನೆಯ ಸ್ಥಾನದ ತಂಡಗಳಾಗಿ ಇವರಿಬ್ಬರೂ ನವೆಂಬರ್ 18ರಂದು ಕೊಲಂಬಸ್‌ನಲ್ಲಿ ಆಡಬೇಕಿತ್ತು. ಹಿಂದಿನ ದಿನ, 17ರಂದು, ಬೋ ಶೆಂಬೆಕ್ಲರ್ ತೀರಿಕೊಂಡರು. ಮರುದಿನ ಒಂದು ಲಕ್ಷ ಮೀರಿದ ಪ್ರೇಕ್ಷಕರು, ಬಹುಪಾಲು ಒಹಾಯೊದ ಕಡೆಯವರೇ, ಎದುರು ತಂಡದ ಆ ಕೋಚ್‌ಗಾಗಿ ಮೌನವಾಗಿ ಎದ್ದು ನಿಂತರು. ಬದುವಿನ ಆಚೆಯ ಮನೆಯಲ್ಲಿ ಸಾವಾದಾಗ ನಮ್ಮ ಊರಿನವರೂ ಹೀಗೆಯೇ ಹೋಗಿ ನಿಲ್ಲುತ್ತಾರೆ. ಬಳಿಕ ಪಂದ್ಯ ಶುರುವಾಯಿತು, ಒಹಾಯೊ ಸ್ಟೇಟ್ 42–39ರಿಂದ ಗೆದ್ದಿತು.

ನಾಳೆ ಹನ್ನೊಂದೂವರೆಗೆ ಇದೇ ಸಭಾಂಗಣದಲ್ಲಿ ಪರದೆ ಹಾಕುತ್ತೇವೆ. ಕೆಂಪು ಉಟ್ಟವರಿಗೂ ನೀಲಿ ಉಟ್ಟವರಿಗೂ ಬೇರೆ ಬೇರೆ ಸಾಲು ಮಾಡಿಲ್ಲ. ಬಿಸಿಬೇಳೆಬಾತ್ ಎಲ್ಲರಿಗೂ ಇದೆ. ನಮಸ್ಕಾರ.