ಒಳಉಡುಪಿನ ಬೆವರು ವಾಸನೆ ಮತ್ತು ಮಲೆನಾಡಿನ ಮಳೆಗಾಲ

ಭದ್ರಾವತಿ ಆಕಾಶವಾಣಿಯ ಕೇಳುಗ ಸೋದರಿಯರಿಗೆ ನಮಸ್ಕಾರ. ಈ ಹೊತ್ತಿನಲ್ಲಿ ನೀವು ಅಡಿಗೆಮನೆಯ ಕೆಲಸ ಮುಗಿಸಿ, ರೇಡಿಯೊವನ್ನು ಕಿಟಕಿಯ ಪಕ್ಕಕ್ಕಿಟ್ಟುಕೊಂಡು, ಬಿಡದ ಮಳೆಯನ್ನೂ ಒಣಗದ ಬಟ್ಟೆಯ ರಾಶಿಯನ್ನೂ ನೋಡುತ್ತ ಕುಳಿತಿದ್ದೀರಿ ಎಂದು ಭಾವಿಸಿಕೊಂಡು ನಾನು ಮಾತನಾಡುತ್ತಿದ್ದೇನೆ. ಇಂದಿನ ವಿಷಯ ಬ್ರಾ. ನಮ್ಮ ಹಿರಿಯರು ಇದನ್ನು ಬಾಡಿ ಎನ್ನುತ್ತಾರೆ, ಅಂಗಡಿಯಲ್ಲಿ ನಾಲ್ಕು ಜನರಿದ್ದರೆ ನಾವು ‘ಒಳಗಿನದು’ ಎಂದು ಪಿಸುಗುಡುತ್ತೇವೆ. ಇದಕ್ಕೆ ಹತ್ತುವ ಬೆವರಿನ ವಾಸನೆಯನ್ನು ಕಳೆಯುವುದು ಹೇಗೆಂದು ಕೇಳಿ ಬಂದಿರುವ ಪತ್ರಗಳನ್ನು ನಿಲಯದವರು ನನಗೆ ತೋರಿಸಿದರು. ಹೆಚ್ಚಿನವುಗಳಲ್ಲಿ ಒಂದೇ ಪ್ರಶ್ನೆ: ಯಾವ ಪರಿಮಳದ ಸೋಪು ಒಳ್ಳೆಯದು? ಗೃಹವಿಜ್ಞಾನದ ತರಗತಿಯಲ್ಲಿ ಮೂವತ್ತು ವರ್ಷ ಬಟ್ಟೆಬರೆಯ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಸದಲ್ಲ, ನನ್ನ ಉತ್ತರವೂ ಹೊಸದಲ್ಲ. ಸೋಪಿನ ಮಾತು ಆಮೇಲಿರಲಿ. ಮೊದಲು ಬ್ರಾವನ್ನು ಸೀರೆಯ ಮರೆಯಲ್ಲಿ ಒಣಗಿಸುವುದನ್ನು ಬಿಡಿ.

ಯಾಕೆ ಹೀಗೆ ಹೇಳುತ್ತೇನೆಂದು ಕೇಳಿ. ಬೆವರಿಗೆ ತನ್ನದೇ ಆದ ವಾಸನೆಯಿಲ್ಲ. ನಮ್ಮ ಮೈಯಲ್ಲಿ 20ರಿಂದ 40 ಲಕ್ಷದಷ್ಟು ಬೆವರು ಗ್ರಂಥಿಗಳಿದ್ದು, ಅವುಗಳಲ್ಲಿ ಹೆಚ್ಚಿನವು ಉಪ್ಪುನೀರನ್ನಷ್ಟೇ ಹೊರಹಾಕುತ್ತವೆ. ಇನ್ನೊಂದು ಜಾತಿಯ ಗ್ರಂಥಿಗಳು ಕಂಕುಳಲ್ಲಿ, ಮೊಲೆತೊಟ್ಟಿನ ಸುತ್ತ, ತೊಡೆಸಂದಿಯಲ್ಲಿ ಮುಖ್ಯವಾಗಿ ಇರುತ್ತವೆ. ಅವುಗಳಿಂದ ಬರುವುದು ಜಿಡ್ಡಿನ ಅಂಶವಿರುವ ಮಂದ ಬೆವರು. ಚರ್ಮದ ಮೇಲಿರುವ ಸೂಕ್ಷ್ಮಜೀವಿಗಳು ಆ ಬೆವರನ್ನು ಒಡೆದಾಗಲೇ ವಾಸನೆ ಹುಟ್ಟುತ್ತದೆ. ಇಡೀ ಮೈಯಲ್ಲಿ ಬ್ರಾ ಅಪ್ಪಿ ಹಿಡಿಯುವುದು ಇಂಥ ಜಾಗವನ್ನೇ. ಸಾಲದ್ದಕ್ಕೆ ಬ್ರಾದಲ್ಲಿರುವ ಪಾಲಿಯೆಸ್ಟರ್ ನೂಲು ನೀರನ್ನು ಹೀರದಿದ್ದರೂ ಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹತ್ತಿಯ ರವಿಕೆ ಒಂದೇ ಒಗೆತಕ್ಕೆ ಶುದ್ಧವಾಗಿ, ಅದರೊಳಗಿನ ಬ್ರಾ ಮಾತ್ರ ನಾರುವುದಕ್ಕೆ ಕಾರಣ ಇದು.

ಒಗೆದ ಬಟ್ಟೆ ತಡವಾಗಿ ಒಣಗಿದರೆ ಬರುವ ಮುಗ್ಗಲು ವಾಸನೆ ಬೇರೆ. 2012ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗುರುತಿಸಿದರು. ಅದರ ಹೆಸರು ಮೊರಾಕ್ಸೆಲ್ಲಾ ಒಸ್ಲೊಯೆನ್ಸಿಸ್. ಹೆಸರನ್ನು ನೀವು ಮರೆತರೂ ನಷ್ಟವಿಲ್ಲ, ಅದರ ಗುಣವನ್ನು ಮರೆಯಬೇಡಿ. ಬಟ್ಟೆ ಒಣಗಿದ ಮಾತ್ರಕ್ಕೆ ಅದು ಸಾಯುವುದಿಲ್ಲ, ಸುಮ್ಮನಿರುತ್ತದೆ, ಮತ್ತೆ ಪಸೆ ಸಿಕ್ಕೊಡನೆ ಕೆಲಸಕ್ಕೆ ತೊಡಗುತ್ತದೆ. ಒಗೆದು ಮಡಿಸಿಟ್ಟ ಬ್ರಾವನ್ನು ತೊಟ್ಟು ಬಸ್‌ಸ್ಟ್ಯಾಂಡಿಗೆ ನಡೆಯುವಷ್ಟರಲ್ಲಿ ಹಳೆಯ ವಾಸನೆ ಎದ್ದು ಬರುವುದು ಹೀಗೆ. ಆದ್ದರಿಂದ ಬ್ರಾ ಒದ್ದೆಯಾಗಿರುವ ಹೊತ್ತನ್ನು ಕಡಿಮೆ ಮಾಡಬೇಕು. ನಾವೋ, ನೀರನ್ನು ಸ್ಪಂಜಿನಂತೆ ಹಿಡಿಯುವ ಪ್ಯಾಡಿನ ಬ್ರಾವನ್ನು ಒದ್ದೆ ಲಂಗದ ಕೆಳಗೆ, ಅದರ ಮೇಲೊಂದು ಒದ್ದೆ ಟವೆಲ್ಲಿನ ಅಡಿಯಲ್ಲಿ ಬಚ್ಚಿಡುತ್ತೇವೆ.

ನಾನೂ ಹಾಗೆಯೇ ಮಾಡಿದವಳು. ಶಿವಮೊಗ್ಗ ಪೇಟೆಯಲ್ಲಿ ಬೆಳೆದ ನಾನು ಮದುವೆಯಾಗಿ ಸೇರಿದ್ದು ತೀರ್ಥಹಳ್ಳಿಯಿಂದಾಚೆ, ಮೇಗರವಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆಗೆ. ಅಲ್ಲಿಂದ ಆಗುಂಬೆ ದೂರವಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಎಂದರೆ ಏನೆಂಬುದು ಪೇಟೆಯ ಹುಡುಗಿಗೆ ಗೊತ್ತಿರಲಿಲ್ಲ. ಆಷಾಢವನ್ನು ತವರಿನಲ್ಲಿ ಕಳೆದು ಶ್ರಾವಣದಲ್ಲಿ ಮರಳಿದೆ. ಮಾವ, ಇಬ್ಬರು ಮೈದುನರು, ಕೊನೆ ಕೊಯ್ಯುವ ಕಾಲಕ್ಕೆ ಹತ್ತಾರು ಆಳುಗಳು ಓಡಾಡುವ ಮನೆಯಲ್ಲಿ ಬ್ರಾವನ್ನು ಒಣಹಾಕುವುದೆಲ್ಲಿ? ಉಪ್ಪರಿಗೆಯ ಕತ್ತಲೆ ಮೂಲೆಯಲ್ಲಿ, ಕಣಜದ ಹಿಂದೆ ಒಂದು ಮೊಳೆ ಕಂಡಿತು. ಅಲ್ಲಿ ನಾಲ್ಕನ್ನು ಒಂದರ ಮೇಲೊಂದು ನೇತುಹಾಕಿ, ಮೇಲೆ ಹಳೆಯ ಲಂಗವೊಂದನ್ನು ಹೊದಿಸಿ ಬಂದೆ. ಮೂರು ದಿನವಾದರೂ ತಣ್ಣಗೇ ಇದ್ದವು. ವಾಸನೆ ಬಂತೆಂದು ಮತ್ತೆ ಒಗೆದೆ, ತವರಿನಿಂದ ತಂದಿದ್ದ ಗಂಧದ ಸೋಪನ್ನು ಉಜ್ಜಿದೆ, ಪೌಡರ್ ಉದುರಿಸಿದೆ, ಮತ್ತೆ ಅದೇ ಮೊಳೆಗೆ ಹಾಕಿದೆ. ಐದನೆಯ ದಿನ ಅತ್ತೆಯವರು ಕಣಜದ ಹಿಂದೆ ಇಲಿ ಸತ್ತಿರಬೇಕೆಂದು ಆಳಿನ ಕೈಯಲ್ಲಿ ಲಾಟೀನು ಹಿಡಿಸಿಕೊಂಡು ಉಪ್ಪರಿಗೆ ಹತ್ತಿದರು.

ಹೊರಗೆ ಬಂದದ್ದು ಇಲಿಯಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಆಳನ್ನು ಕೆಳಗೆ ಕಳಿಸಿ, ಅವುಗಳನ್ನು ತಾವೇ ಬುಟ್ಟಿಗೆ ಹಾಕಿಕೊಂಡು ಇಳಿದು ಬಂದ ಅತ್ತೆಯವರು, ನನ್ನನ್ನು ಬಚ್ಚಲುಮನೆಗೆ ಕರೆದು, “ಇದಕ್ಕೆಂತ ಇಷ್ಟು ಮುಚ್ಚುಮರೆ ಮಾರಾಯ್ತಿ? ಒಣಗ್ದೆ ಇದ್ರೆ ಬಟ್ಟೆ ನಾರ್ದೆ ಇನ್ನೆಂತ ಮಾಡ್ತದೆ?” ಎಂದರು. ನಾಲ್ಕನ್ನೂ ಅಂಟುವಾಳಕಾಯಿಯ ನೊರೆಯಲ್ಲಿ ಒಗೆದು, ಹಂಡೆಯೊಲೆಯ ಮೇಲಿನ ಬಿದಿರು ಗಳದಲ್ಲಿ ಸಾಲಾಗಿ, ಒಂದಕ್ಕೊಂದು ತಾಗದಂತೆ ಹರವಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಸಂಜೆ ಸ್ನಾನಕ್ಕೆ ಹೋದ ಮಾವನವರು ಬಾಗಿಲು ತೆರೆದವರೇ ಹಿಂದೆ ಸರಿದು, ಒಳಗೆ ಯಾರೋ ಇದ್ದಾರೆಂದು ಜಗಲಿಗೆ ಬಂದು ಕುಳಿತರು. ಅಡಿಗೆಮನೆಯಿಂದಲೇ ಅತ್ತೆಯವರು, “ಯಾರೂ ಇಲ್ಲ, ಬಟ್ಟೆ ಒಣಗ್ತಿದೆ ಅಷ್ಟೆ, ನೀವು ಸ್ನಾನಕ್ಕೆ ಹೋಗಿ” ಎಂದು ಮನೆಯವರಿಗೆಲ್ಲ ಕೇಳುವಂತೆ ಹೇಳಿದರು. ಆ ಮಳೆಗಾಲ ಪೂರ್ತಿ ನನ್ನ ಬಟ್ಟೆಗೆ ಹೊಗೆಯ ವಾಸನೆಯಿತ್ತು, ಬೆವರಿನ ವಾಸನೆಯಿರಲಿಲ್ಲ. ಒಲೆಯ ಕಾವಿಗೆ ಎಲಾಸ್ಟಿಕ್ ಸಡಿಲವಾಗಿ ದೀಪಾವಳಿಗೆ ಹೊಸವನ್ನು ಕೊಳ್ಳಬೇಕಾಯಿತೆಂಬುದೂ ನಿಜ. ಈಗ ಮನೆಮನೆಗೂ ಫ್ಯಾನು ಇದೆ, ಒಲೆಯ ಹತ್ತಿರ ಹೋಗಬೇಡಿ. ಫ್ಯಾನಿನ ನೇರ ಕೆಳಗೆ ಹಗ್ಗ ಕಟ್ಟಿ, ಯಾರು ಬಂದರೂ ಹೋದರೂ ತೆಗೆಯದೆ, ಅಲ್ಲಿ ಹಾಕಿ. ಮರೆಯಲ್ಲಿ ಬೇಡ.

ಕಥೆಗೇ ಅರ್ಧ ಸಮಯ ಕಳೆದುಹೋಯಿತು, ಒಗೆಯುವ ಕ್ರಮವನ್ನು ಬೇಗ ಹೇಳುತ್ತೇನೆ. ತೊಟ್ಟು ತೆಗೆದ ಬ್ರಾವನ್ನು ಕೊಳೆಬಟ್ಟೆಯ ರಾಶಿಗೆ ಎಸೆಯದೆ, ಒಗೆಯುವವರೆಗೂ ಗಾಳಿಗೆ ನೇತುಹಾಕಿ. ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ದ್ರವ ಸೋಪು ಸಾಕು. ಅರ್ಧ ಗಂಟೆ ನೆನೆಸಿ. ರಾತ್ರಿಯಿಡೀ ನೆನೆಹಾಕುವುದೆಂದರೆ ವಾಸನೆಯನ್ನು ಸಾಕಿದಂತೆ. ಕಂಕುಳ ಬದಿಯನ್ನೂ ಎದೆಯ ಕೆಳಗಿನ ಪಟ್ಟಿಯನ್ನೂ ಬೆರಳಿನಿಂದ ತಿಕ್ಕಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಏಕೆಂದರೆ ಉಳಿದ ಸೋಪು ಜಿಡ್ಡನ್ನು ಮತ್ತಷ್ಟು ಹಿಡಿದಿಡುತ್ತದೆ. ಹಳೆಯ ವಾಸನೆ ಬಿಡದಿದ್ದರೆ ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಸಿ, ಇಲ್ಲವೇ ಎರಡು ಚಮಚ ಅಡುಗೆ ಸೋಡಾ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ. ಬುರುಗು ಬಂದದ್ದನ್ನು ಕಂಡು ಶುದ್ಧವಾಯಿತೆಂದು ಸಂತೋಷಪಡುವವರನ್ನು ನಾನು ಬಹಳ ನೋಡಿದ್ದೇನೆ. ವಿನೆಗರ್ ಜೊತೆ ಬ್ಲೀಚಿಂಗ್ ದ್ರವವನ್ನಂತೂ ಎಂದಿಗೂ ಬೆರೆಸಬೇಡಿ, ಅದರಿಂದ ವಿಷಾನಿಲ ಹೊರಡುತ್ತದೆ. ಪರಿಮಳ ಬರಲೆಂದು ಕೊನೆಯ ನೀರಿಗೆ ಹಾಕುವ ದ್ರಾವಣವೂ ಬೇಡ. ಅದು ನೂಲಿನ ಮೇಲೆ ಪೊರೆ ಕಟ್ಟಿ ವಾಸನೆಯನ್ನು ಒಳಗೇ ಕೂಡಿಹಾಕುತ್ತದೆ.

ಹಿಂಡಬೇಡಿ. ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಅದಕ್ಕೇ ಹೋಗುತ್ತದೆ. ಹಗ್ಗಕ್ಕೆ ಹಾಕುವಾಗ ಭುಜಪಟ್ಟಿ ಹಿಡಿದು ತೂಗಹಾಕದೆ ನಡುವಿನಿಂದ ಹಾಕಿ. ಒಣಗಿತೋ ಇಲ್ಲವೋ ಎಂಬುದನ್ನು ಕೈಯಿಂದಲ್ಲ, ಕೆನ್ನೆಗೆ ಒತ್ತಿ ನೋಡಿ. ಮೂರಾದರೂ ಇಟ್ಟುಕೊಂಡು, ತೊಟ್ಟದ್ದನ್ನೇ ಮರುದಿನ ತೊಡದಂತೆ ಸರದಿ ಮಾಡಿ. ಸ್ನಾನವಾದ ಮೇಲೆ ಎದೆಯ ಕೆಳಭಾಗವನ್ನು ಚೆನ್ನಾಗಿ ಒರೆಸಿಕೊಂಡೇ ತೊಡಿ; ಅಲ್ಲಿ ಕೆಂಪಾಗಿ ತುರಿಕೆಯಿದ್ದರೆ ವೈದ್ಯರಿಗೆ ತೋರಿಸಿ.

ಹೊಸನಗರದ ಕಡೆಯ ಕೇಳುಗರೊಬ್ಬರು ಕಪಾಟಿನಲ್ಲಿ ಲಾವಂಚದ ಬೇರು ಇಡಬಹುದೇ ಎಂದು ಕೇಳಿದ್ದಾರೆ. ಧಾರಾಳವಾಗಿ ಇಡಿ, ನಾನೂ ಇಡುತ್ತೇನೆ. ಆದರೆ ತಾಯಿ, ಅದೇ ಪತ್ರದಲ್ಲಿ ನೀವು ಬ್ರಾವನ್ನು ಟವೆಲ್ಲಿನ ಅಡಿಯಲ್ಲಿ ಒಣಗಿಸುವುದಾಗಿ ಬರೆದಿದ್ದೀರಿ. ಬೇರನ್ನು ನಾಳೆ ಇಟ್ಟರಾಯಿತು, ಟವೆಲ್ಲನ್ನು ಇವತ್ತೇ ತೆಗೆಯಿರಿ. ನಮಸ್ಕಾರ.